ಮಳೆಗಾಲ, ಬೇಸಿಗೆಗಳ ನಡುವೆ ಪಿಯಾನೊ: ಶ್ರುತಿ ಮತ್ತು ಆರೈಕೆ

ಜೂನ್ ಮೊದಲ ವಾರದಲ್ಲಿ ಶ್ರುತಿ ಮಾಡಿಸಿದ ಪಿಯಾನೊ ಜುಲೈ ಕೊನೆಗೆ ಮತ್ತೆ ಅಪಸ್ವರ ಹಿಡಿದರೆ ನಾವು ಮೊದಲು ದೂರುವುದು ಟ್ಯೂನರನ್ನು. ಬೆಂಗಳೂರಿನ ನಮ್ಮ ಮನೆಯ ಹಳೆಯ ಅಪ್‌ರೈಟ್ ಪಿಯಾನೊದ ವಿಷಯದಲ್ಲಿ ನಾನೂ ಎರಡು ವರ್ಷ ಹಾಗೆಯೇ ದೂರಿದ್ದೆ. ನಾನು ಅವರನ್ನು ಕರೆಸುತ್ತಿದ್ದ ತಿಂಗಳೇ ತಪ್ಪಾಗಿತ್ತೆಂದು ತಿಳಿದದ್ದು ಆಮೇಲೆ.

ಪಿಯಾನೊದ 88 ಕೀಗಳಿಗೆ ಸುಮಾರು 230 ಉಕ್ಕಿನ ತಂತಿಗಳಿರುತ್ತವೆ. ಒಂದೊಂದು ತಂತಿಯೂ 70–80 ಕಿಲೋ ಭಾರದಷ್ಟು ಬಿಗಿತದಲ್ಲಿರುವುದರಿಂದ ಒಟ್ಟು ಎಳೆತ 16 ಟನ್ನನ್ನು ಮೀರುತ್ತದೆ. ಈ ಭಾರವನ್ನು ಹೊರುವ ಎರಕದ ಕಬ್ಬಿಣದ ಚೌಕಟ್ಟಿಗೆ ಹವೆಯ ತೇವದ ಗೊಡವೆಯಿಲ್ಲ. ಆದರೆ ನಾದವನ್ನು ಹಿಗ್ಗಿಸುವ ಸೌಂಡ್‌ಬೋರ್ಡ್ ಸ್ಪ್ರೂಸ್ ಮರದ್ದು, ಒಂದು ಸೆಂಟಿಮೀಟರಿಗಿಂತ ತೆಳುವಾದದ್ದು, ನಡುವೆ ಕೊಂಚ ಉಬ್ಬಿಸಿ ಕೂರಿಸಿದ್ದು. ಮಳೆಗಾಲದಲ್ಲಿ ಆ ಹಲಗೆ ತೇವ ಕುಡಿದು ಇನ್ನಷ್ಟು ಉಬ್ಬಿ, ತನ್ನ ಮೇಲೆ ತಂತಿಗಳಿಗೆ ಆಸರೆಯಾಗಿ ಕೂರಿಸಿರುವ ಮರದ ಪಟ್ಟಿಯ, ಅಂದರೆ ಸೇತುವೆಯ, ಮೂಲಕ ತಂತಿಗಳನ್ನು ನೂಕುವುದರಿಂದ ಶ್ರುತಿ ಏರುತ್ತದೆ. ಬೇಸಿಗೆಯಲ್ಲಿ ಒಣಗಿ ತಗ್ಗಿದಾಗ ಇಳಿಯುತ್ತದೆ. ಈ ಏರಿಳಿತ ಎಲ್ಲ ತಂತಿಗಳಿಗೂ ಒಂದೇ ಪ್ರಮಾಣದಲ್ಲಿ ಆಗಿದ್ದರೆ ಕಿವಿಗೆ ಅಷ್ಟು ಕಿರಿಕಿರಿ ಆಗುತ್ತಿರಲಿಲ್ಲ. ನಡುಭಾಗ ಹೆಚ್ಚು ಜಾರಿ ಅಂಚುಗಳು ಕಡಿಮೆ ಜಾರುವುದರಿಂದಲೇ ಪಿಯಾನೊ ತನ್ನೊಳಗೇ ಜಗಳಕ್ಕೆ ನಿಲ್ಲುತ್ತದೆ. ನುಡಿಸದೆ ಬೀಗ ಹಾಕಿಟ್ಟ ಪಿಯಾನೊ ಕೂಡ ಶ್ರುತಿ ತಪ್ಪುವುದು ಇದೇ ಕಾರಣಕ್ಕೆ.

ಪಿಯಾನೊಕ್ಕೆ ಹಿತವಾದ ಸಾಪೇಕ್ಷ ಆರ್ದ್ರತೆ ಶೇ. 40ರಿಂದ 50. ಬೆಂಗಳೂರಿನಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನ ಅದು 30ಕ್ಕೂ ಕೆಳಗಿಳಿಯುತ್ತದೆ, ಜುಲೈ–ಆಗಸ್ಟ್‌ನ ಬೆಳಗಿನಲ್ಲಿ 80ನ್ನು ದಾಟುತ್ತದೆ. ಆದ್ದರಿಂದ ವರ್ಷಕ್ಕೆರಡು ಸಲ ಶ್ರುತಿ ಮಾಡಿಸುವವರು ಋತು ಬದಲಾಗುವ ಸಂಧಿಯಲ್ಲಿ ಮಾಡಿಸದೆ, ಹೊಸ ಋತು ನೆಲೆಗೊಂಡು ಮೂರು ನಾಲ್ಕು ವಾರ ಕಳೆದ ಮೇಲೆ, ಅಂದರೆ ಜುಲೈ ಕೊನೆಗೊಮ್ಮೆ ಮತ್ತು ಫೆಬ್ರವರಿಯಲ್ಲೊಮ್ಮೆ ಮಾಡಿಸುವುದು ಲೇಸು. ಕೆಲವು ನೂರು ರೂಪಾಯಿಗೆ ಸಿಗುವ, ಆರ್ದ್ರತೆ ಅಳೆಯುವ ಹೈಗ್ರೋಮೀಟರ್ ಒಂದನ್ನು ಪಿಯಾನೊ ಪಕ್ಕದಲ್ಲಿಟ್ಟು, ವಾರಕ್ಕೊಮ್ಮೆ ಅಂಕಿಯನ್ನು ಬರೆದಿಟ್ಟುಕೊಂಡರೆ ನಿಮ್ಮ ಕೋಣೆಗೆ ಸರಿಯಾದ ತಿಂಗಳು ತಾನಾಗಿ ಗೊತ್ತಾಗುತ್ತದೆ. ಕರಾವಳಿಯಲ್ಲಿ ಏರಿಳಿತಕ್ಕಿಂತ ತುಕ್ಕಿನ ಕಾಟವೇ ಹೆಚ್ಚು. ಮಂಗಳೂರಿನಿಂದ ಘಟ್ಟ ಹತ್ತಿಸಿ ತಂದ ಪಿಯಾನೊವನ್ನು ಮರುದಿನವೇ ಶ್ರುತಿ ಮಾಡಿಸಿದರೆ ಹಣ ದಂಡ. ಹೊಸ ಹವೆಗೆ ಹೊಂದಿಕೊಳ್ಳಲು ಮೂರು ವಾರವಾದರೂ ಬಿಡಬೇಕು. ಹೊಸ ಪಿಯಾನೊದ ತಂತಿಗಳು ಇನ್ನೂ ಎಳೆದುಕೊಳ್ಳುತ್ತಿರುವುದರಿಂದ ಮೊದಲ ವರ್ಷ ನಾಲ್ಕು ಸಲವಾದರೂ ಶ್ರುತಿ ಬೇಕಾಗುತ್ತದೆ.

ಶ್ರುತಿ ಎಷ್ಟು ಕೆಟ್ಟಿದೆ ಎಂಬುದನ್ನು ಟ್ಯೂನರ್ ಬರುವ ಮೊದಲೇ ನೀವೇ ಕೇಳಿ ತಿಳಿಯಬಹುದು. ತಂಬೂರಿಯ ಸಾರಣಿ ತಂತಿಗಳನ್ನು ಕೂಡಿಸಿ ಗೊತ್ತಿದ್ದವರಿಗಂತೂ ಇದು ಸುಲಭ. ನಡು ಮತ್ತು ಮೇಲಿನ ಭಾಗಗಳಲ್ಲಿ ಒಂದೊಂದು ಕೀಗೆ ಮೂರು ಮೂರು ತಂತಿಗಳಿರುತ್ತವೆ. ಒಂದು ಕೀಯನ್ನು ಒತ್ತಿ ಹಿಡಿದು, ನಾದ ಪೂರ್ತಿ ಆರುವವರೆಗೆ ಕೇಳಿ. ಮೂರೂ ಸೇರಿದ್ದರೆ ನಾದ ನೇರವಾಗಿ ಇಳಿಯುತ್ತದೆ, ಒಂದು ಜಾರಿದ್ದರೆ ‘ವಾಂವ್… ವಾಂವ್…’ ಎಂದು ತೂಗುತ್ತದೆ. ಸೆಕೆಂಡಿಗೆ ಒಂದು ತೂಗು ಎಂದರೆ ಒಂದು ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ ಒಂದು ಕಂಪನದ, ವ್ಯತ್ಯಾಸ. ಇನ್ನು ಒಟ್ಟು ಶ್ರುತಿಯನ್ನು ನೋಡಲು, ನಡು ಸಿ ಯ ಮೇಲಿನ ಎ ಸ್ವರವನ್ನು ಶ್ರುತಿಕವೆಯೊಡನೆ (ಟ್ಯೂನಿಂಗ್ ಫೋರ್ಕ್) ಹೋಲಿಸಿ; 1975ರ ಅಂತರರಾಷ್ಟ್ರೀಯ ಮಾನಕದಂತೆ ಅದು 440 ಹರ್ಟ್ಸ್ ಇರಬೇಕು. ಕವೆಯ ಜೊತೆ ಸೆಕೆಂಡಿಗೆ ಮೂರು ತೂಗು ಕೇಳಿಸಿದರೆ ನಿಮ್ಮ ಎ 437ರಲ್ಲಿದೆ, ಇಲ್ಲವೇ 443ರಲ್ಲಿದೆ.

ಇಲ್ಲೊಂದು ಮಾತನ್ನು ನಮ್ಮ ಸಂಗೀತ ಕಲಿತ ಕಿವಿಯವರಿಗೆ ಹೇಳಲೇಬೇಕು. ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಅಂತರ ಗಾಂಧಾರಕ್ಕಿಂತ ಪಿಯಾನೊದ ಗಾಂಧಾರ ಸುಮಾರು 14 ಸೆಂಟ್‌ನಷ್ಟು ಮೇಲಿರುತ್ತದೆ. ಎರಡು ಪಕ್ಕದ ಕೀಗಳ ನಡುವಿನ ಅಂತರ 100 ಸೆಂಟ್ ಎಂದಿಟ್ಟುಕೊಂಡರೆ ಇದು ಸಣ್ಣ ಅಳತೆಯಲ್ಲ. ಎಲ್ಲ ಹನ್ನೆರಡು ಸ್ವರಗಳಿಂದಲೂ ನುಡಿಸಲು ಬರಲಿ ಎಂದು ಸ್ಥಾಯಿಯನ್ನು ಸಮವಾಗಿ ಹಂಚಿರುವುದೇ ಇದಕ್ಕೆ ಕಾರಣ. ಪಂಚಮದ ಕೊರತೆ ಎರಡೇ ಸೆಂಟ್ ಆದ್ದರಿಂದ ಅದು ಗಮನಕ್ಕೆ ಬಾರದು. ಗಾಂಧಾರವನ್ನು ಇಳಿಸಿ ಕೊಡಿ ಎಂದು ಟ್ಯೂನರನ್ನು ಒತ್ತಾಯಿಸಿದರೆ ಮಿಕ್ಕೆಲ್ಲ ಸ್ಥಾನಗಳೂ ಕೆಡುತ್ತವೆ.

ಶ್ರುತಿಯ ದಿನ ಫ್ಯಾನು, ಮಿಕ್ಸಿ, ಟಿವಿಗಳಿಗೆ ಎರಡು ಗಂಟೆ ರಜೆ ಕೊಡಿ. ಬಹಳ ವರ್ಷ ಬಿಟ್ಟ ಪಿಯಾನೊದ ಶ್ರುತಿ ತುಂಬ ಇಳಿದಿದ್ದರೆ ಒಂದೇ ಸುತ್ತಿನಲ್ಲಿ ಕೆಲಸ ಮುಗಿಯದು: ಮುಂದಿನ ತಂತಿಗಳನ್ನು ಬಿಗಿದಂತೆಲ್ಲ ಸೌಂಡ್‌ಬೋರ್ಡ್ ಕುಗ್ಗಿ, ಆಗಲೇ ಸರಿಪಡಿಸಿದ ತಂತಿಗಳು ಮತ್ತೆ ಇಳಿಯುತ್ತವೆ. ಆದ್ದರಿಂದ ಮೊದಲು ಒರಟಾಗಿ ಏರಿಸಿ, ಆಮೇಲೆ ನಯವಾಗಿ ಕೂಡಿಸಿ, ಕೆಲವು ವಾರಗಳ ನಂತರ ಮತ್ತೊಮ್ಮೆ ಶ್ರುತಿ ಮಾಡಬೇಕಾಗುತ್ತದೆ. ಅದಕ್ಕೆ ಹೆಚ್ಚಿನ ಕೂಲಿ ಕೇಳಿದರೆ ನ್ಯಾಯವೇ. ನೂರು ವರ್ಷ ದಾಟಿದ ಪಿಯಾನೊ ಆಗಿದ್ದರೆ 440ಕ್ಕೇ ತರಬೇಕೆಂದು ಹಟ ಹಿಡಿಯಬೇಡಿ, ತುಕ್ಕು ತಿಂದ ತಂತಿ ತುಂಡಾಗಿ ಮುಖಕ್ಕೆ ಹಾರಬಹುದು. ತಂತಿಗಳನ್ನು ಬಿಗಿಯುವ ತಿರುಪುಗಳನ್ನು ನೀವೇ ತಿರುಗಿಸುವ ಆಸೆಯನ್ನೂ ಬಿಡಿ. ಕೂದಲೆಳೆಯಷ್ಟು ತಿರುಗಿಸಬೇಕಾದ ಕಡೆ ಗ್ಯಾರೇಜಿನ ಸ್ಪ್ಯಾನರ್ ಹಾಕಿದರೆ ತಿರುಪಿನ ಚೌಕ ತಲೆ ಸವೆದು ಗುಂಡಗಾಗುತ್ತದೆ, ಅದನ್ನು ಹಿಡಿದಿರುವ ಮರದ ತೂತು ಸಡಿಲವಾಗುತ್ತದೆ.

ಮಳೆಗಾಲದಲ್ಲಿ ಕೀ ಸಿಕ್ಕಿಕೊಂಡು ಮೇಲೇಳದಿದ್ದರೆ ಮೊದಲು ಟಾರ್ಚ್ ಹಿಡಿದು ಪಕ್ಕದ ಸಂದಿಯನ್ನು ನೋಡಿ. ನಮ್ಮಲ್ಲಿ ಒಮ್ಮೆ ಒಂದು ರೂಪಾಯಿ ನಾಣ್ಯ, ಇನ್ನೊಮ್ಮೆ ಹೇರ್‌ಪಿನ್ ಸಿಕ್ಕಿತ್ತು. ಏನೂ ಇಲ್ಲದಿದ್ದರೆ, ಕೀಗಳ ಮುಂದಿರುವ ಅಡ್ಡಪಟ್ಟಿಯನ್ನು ಬೆರಳಿನಿಂದ ಮೆಲ್ಲಗೆ ನಿಮ್ಮತ್ತ ಎಳೆಯಿರಿ. ಕೀ ತಕ್ಷಣ ಮೇಲೆದ್ದರೆ ತೇವಕ್ಕೆ ಉಬ್ಬಿದ ಪಟ್ಟಿಯೇ ಅದನ್ನು ಉಜ್ಜುತ್ತಿದೆ ಎಂದರ್ಥ. ಇದೂ ಅಲ್ಲವಾದರೆ ಕೀಯ ಒಳಗಿನ ಉಣ್ಣೆಬಟ್ಟೆಯ ಅಸ್ತರಿ ಉಬ್ಬಿರುತ್ತದೆ, ಅದು ಟ್ಯೂನರ್ ಕೆಲಸ. ಎಣ್ಣೆಯನ್ನಂತೂ ಬಿಡಲೇಬಾರದು. ನಮ್ಮ ಮನೆಯಲ್ಲೇ ಹಿರಿಯರೊಬ್ಬರು ಉಪಕಾರ ಮಾಡಲೆಂದು ಹೊಲಿಗೆ ಯಂತ್ರದ ಎಣ್ಣೆಯನ್ನು ನಾಲ್ಕು ಕೀಗಳಿಗೆ ಬಿಟ್ಟಿದ್ದರು. ಉಣ್ಣೆ ಅದನ್ನು ಹೀರಿ, ಧೂಳು ಹಿಡಿದು, ಅಂಟಾಗಿ, ಕೊನೆಗೆ ನಾಲ್ಕರ ಅಸ್ತರಿಯನ್ನೂ ಕಿತ್ತು ಹೊಸದು ಹಾಕಿಸಬೇಕಾಯಿತು.

ತೇವ ತಡೆಯಲು ಪಿಯಾನೊದ ಕೆಳಗಿನ ಗೂಡಿನಲ್ಲಿ ಬಲ್ಬು ಉರಿಸಿಡುವ ಹಳೆಯ ರೂಢಿ ಇದೆ. ಬೆಂಕಿಯ ಅಪಾಯ ಒಂದು ಕಡೆ, ಬೇಸಿಗೆಯಲ್ಲಿ ಆರಿಸಲು ಮರೆತರೆ ಹಲಗೆ ಬಿರುಕು ಬಿಡುವ ಅಪಾಯ ಇನ್ನೊಂದು ಕಡೆ. ಪಿಯಾನೊಕ್ಕೆಂದೇ ಮಾಡಿದ, ಆರ್ದ್ರತೆ ನೋಡಿ ತಾನೇ ಹೊತ್ತಿ ಆರುವ ಕಡಿಮೆ ವಾಟ್‌ನ ತಾಪನ ಸರಳು ಎಷ್ಟೋ ಮೇಲು. ಗಾಳಿಯಾಡುವ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಕೆಲವೇ ದಿನಗಳಲ್ಲಿ ದಣಿಯುತ್ತದೆ. ಮಳೆಯ ಎರಚಲು ಬೀಳುವ ಹೊರಗೋಡೆಗೆ ಪಿಯಾನೊವನ್ನು ಒರಗಿಸಬೇಡಿ. ಒಳಗೋಡೆಯಾದರೂ ಒಂದು ಗೇಣು ಸಂದು ಇರಲಿ. ಗೆದ್ದಲಿನ ಮಣ್ಣಿನ ಜಾಡು ಕಣ್ಣಿಗೆ ಬೀಳುವುದೂ ಆ ಸಂದಿನಿಂದಲೇ.

ಇಲಿಗೆ ಕೀಗಳ ಕೆಳಗಿನ ಕತ್ತಲೆ ಹೇಳಿಮಾಡಿಸಿದ ಬಾಣಂತಿಕೋಣೆ. ಅದು ಉಣ್ಣೆ ಕಿತ್ತು ಗೂಡು ಕಟ್ಟುವುದಷ್ಟೇ ಅಲ್ಲ, ಅದರ ಮೂತ್ರ ಲೋಹದ ಭಾಗಗಳನ್ನು ತಿನ್ನುತ್ತದೆ. ಪೆಡಲುಗಳ ಸುತ್ತಲಿನ ತೂತುಗಳನ್ನು ಆದಷ್ಟು ಕಿರಿದಾಗಿಸಿ. ನುಸಿಗುಳಿಗೆಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ತಂತಿಗಳಿಗೂ ಬಣ್ಣದ ಮೈಗೂ ತಾಗದಂತೆ ಕೆಳಭಾಗದಲ್ಲಿ ತೂಗಿಸಿ. ಕೀಗಳನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಉದ್ದಕ್ಕೆ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒರೆಸಿದರೆ ಸಾಕು. ದಸರೆಯಲ್ಲಿ ಗೊಂಬೆ ಕೂರಿಸಲು ಇದಕ್ಕಿಂತ ಒಳ್ಳೆಯ ಜಗಲಿ ಸಿಗದೆಂದು ಮನೆಯವರಿಗೆ ಅನ್ನಿಸುವುದು ಸಹಜವೇ, ಆದರೆ ಹೂದಾನಿಯ ನೀರು ಮತ್ತು ದೀಪದ ಎಣ್ಣೆ ಅಲ್ಲಿಗೆ ಬರಬಾರದು. ಮೇಲಿಟ್ಟ ಫೋಟೊದ ಗಾಜು ಒಂದೇ ಒಂದು ಸ್ವರಕ್ಕೆ ಝರ್ರೆಂದು ಅದುರುವುದನ್ನು ಪಿಯಾನೊದ ದೋಷವೆಂದು ತಿಳಿದು ಟ್ಯೂನರನ್ನು ಕರೆಸಿದವರಿದ್ದಾರೆ. ಮೊದಲು ಮೇಲಿರುವುದನ್ನೆಲ್ಲ ಇಳಿಸಿ ನುಡಿಸಿ ನೋಡಿ.

ಪ್ರತಿ ಸಲವೂ ಶ್ರುತಿಯ ದಿನಾಂಕ, ಅಂದಿನ ಆರ್ದ್ರತೆ, ಕೆಲಸಕ್ಕೆ ಮೊದಲು ಎ ಎಷ್ಟು ಹರ್ಟ್ಸ್ ಇತ್ತು ಎಂಬ ಮೂರನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಮೈಗೆ ಅಂಟಿಸಿ. ನಮ್ಮ ಪಿಯಾನೊದ ಎಡತುದಿಯ ಕೀಯನ್ನು ತೆಗೆದಾಗ ಅದರ ಮರದ ಪಕ್ಕದಲ್ಲಿ ಹಿಂದಿನ ಟ್ಯೂನರುಗಳು ಪೆನ್ಸಿಲಿನಲ್ಲಿ ಗೀಚಿದ ದಿನಾಂಕಗಳಿದ್ದವು. ಅವುಗಳಲ್ಲಿ ಹೆಚ್ಚಿನವು ಫೆಬ್ರವರಿ ಮತ್ತು ಆಗಸ್ಟ್ ತಿಂಗಳವು.