ಲೈಮ್ ರೀಜಿಸ್ ಕಡಲತೀರದಲ್ಲಿ ಪಳೆಯುಳಿಕೆ ಹುಡುಕುವುದು: ನನ್ನ ಅನುಭವ

ಲೈಮ್ ರೀಜಿಸ್‌ಗೆ ಹೋಗ್ತಿದ್ದೀವಿ, ಏನು ನೋಡಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಅವತ್ತು ಇಳಿತ ಎಷ್ಟು ಗಂಟೆಗೆ? ಈ ಊರಿನಲ್ಲಿ ಉಳಿದದ್ದೆಲ್ಲ ಆಮೇಲೆ. ಸಮುದ್ರ ಹಿಂದೆ ಸರಿದಾಗ ತೆರೆದುಕೊಳ್ಳುವ ನೆಲವೇ ಇಲ್ಲಿ ನೋಡಬೇಕಾದದ್ದು. ಅದು ದಿನಕ್ಕೆರಡು ಸಲ ತೆರೆಯುತ್ತದೆ, ಎರಡು ಸಲ ಮುಚ್ಚಿಹೋಗುತ್ತದೆ.

ಊರು ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ, ಡಾರ್ಸೆಟ್ ಕೌಂಟಿಯ ಪಶ್ಚಿಮದ ಅಂಚಿನಲ್ಲಿದೆ. ಪುಟ್ಟ ಊರು. ಬ್ರಾಡ್ ಸ್ಟ್ರೀಟ್ ಅನ್ನೋ ಕಡಿದಾದ ರಸ್ತೆ ನೇರವಾಗಿ ಸಮುದ್ರಕ್ಕೆ ಇಳಿಯುತ್ತದೆ. ದಂಡೆಯ ದೀಪದ ಕಂಬಗಳನ್ನೂ ಅಮ್ಮೊನೈಟ್, ಅಂದರೆ ಈಗ ಅಳಿದುಹೋಗಿರುವ, ಸುರುಳಿ ಸುತ್ತಿದ ಚಿಪ್ಪಿನ ಸಮುದ್ರಪ್ರಾಣಿಯ ಆಕಾರದಲ್ಲಿ ಮಾಡಿದ್ದಾರೆ. ಎಕ್ಸ್‌ಮತ್‌ನಿಂದ ಸ್ಟಡ್‌ಲ್ಯಾಂಡ್‌ವರೆಗಿನ ಸುಮಾರು 155 ಕಿಲೋಮೀಟರ್ ಕರಾವಳಿಗೆ ಜುರಾಸಿಕ್ ಕೋಸ್ಟ್ ಅಂತ ಹೆಸರು. 2001ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಆ ಸಾಲಿನಲ್ಲಿ ನನಗೆ ಅತಿ ಪ್ರೀತಿಯ ಊರು ಇದೇ. ಏಕೆಂದರೆ ಇಲ್ಲಿ ಇಪ್ಪತ್ತು ಕೋಟಿ ವರ್ಷ ಹಿಂದಿನ ಪ್ರಾಣಿಯನ್ನು ಯಾರು ಬೇಕಾದರೂ ಬಗ್ಗಿ ಕೈಯಲ್ಲಿ ಎತ್ತಿಕೊಳ್ಳಬಹುದು. ಗಾಜಿನ ಪೆಟ್ಟಿಗೆ ಅಡ್ಡ ಇರುವುದಿಲ್ಲ.

ಬೆಂಗಳೂರಿನಲ್ಲಿ ಬೆಳೆದ ನನಗೆ ಇದು ಸಂಪೂರ್ಣ ಹೊಸದು. ಲಾಲ್‌ಬಾಗ್ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಅದು ರೂಪುಗೊಂಡಾಗ ಮೂಳೆ, ಚಿಪ್ಪು ಇರುವ ಪ್ರಾಣಿಗಳೇ ಭೂಮಿಯ ಮೇಲೆ ಹುಟ್ಟಿರಲಿಲ್ಲ. ಸಾಲದ್ದಕ್ಕೆ ಭೂಮಿಯ ಆಳದಲ್ಲಿ ಬೆಂದು ಬಂದ ಕಲ್ಲು ಅದು. ಹಾಗಾಗಿ ಅಲ್ಲಿ ಎಷ್ಟು ಹುಡುಕಿದರೂ ಒಂದು ಚಿಪ್ಪೂ ಸಿಗುವುದಿಲ್ಲ. ಲೈಮ್‌ನ ಕಲ್ಲು ಹಾಗಲ್ಲ. ಬೆಚ್ಚಗಿನ ಸಮುದ್ರದ ತಳದಲ್ಲಿ ಕೆಸರು ಪದರ ಪದರವಾಗಿ ಕೂತು ಆದದ್ದು. ಒಂದು ಪದರ ಸುಣ್ಣದ ಕಲ್ಲು, ಮೇಲೊಂದು ಮೆತ್ತನೆಯ ಕಪ್ಪು ಜೇಡಿ, ಮತ್ತೆ ಸುಣ್ಣದ ಕಲ್ಲು. ಇದಕ್ಕೆ ಬ್ಲೂ ಲಯಾಸ್ ಅನ್ನುತ್ತಾರೆ. ಸತ್ತು ತಳ ಸೇರಿದ ಪ್ರಾಣಿಗಳನ್ನು ಆ ಕೆಸರು ಮುಚ್ಚಿಟ್ಟುಕೊಂಡಿತು.

ಯಾವಾಗ ಹೋಗಬೇಕು? ಬೇಸಿಗೆಯಲ್ಲಿ ಊರು ಚೆನ್ನಾಗಿರುತ್ತದೆ, ಬಿಸಿಲಿರುತ್ತದೆ, ಮಕ್ಕಳಿಗೆ ನೀರಾಟ. ಆದರೆ ಪಳೆಯುಳಿಕೆಗೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಚಳಿಗಾಲದ ಮಳೆಗೆ ಜೇಡಿಗುಡ್ಡ ನೀರು ಕುಡಿದು ಕುಸಿಯುತ್ತದೆ. ಬಿರುಗಾಳಿಯ ಅಲೆಗಳು ಆ ಮಣ್ಣನ್ನು ತೊಳೆದು, ಗಟ್ಟಿ ವಸ್ತುಗಳನ್ನಷ್ಟೇ ದಂಡೆಯಲ್ಲಿ ಬಿಡುತ್ತವೆ. ಹೀಗೆ ಪ್ರತಿ ಬಿರುಗಾಳಿಯ ನಂತರ ದಂಡೆಯ ಮೇಲೆ ಹೊಸ ಸರಕು. ಗಾಳಿ ನಿಂತು, ಅಲೆ ತಣ್ಣಗಾದ ಮೇಲೆ ನಾನು ಹೊರಡುತ್ತೇನೆ. ಇನ್ನೊಂದು ಲೆಕ್ಕವೂ ಇದೆ. ಹುಣ್ಣಿಮೆ, ಅಮಾವಾಸ್ಯೆ ಆದ ಒಂದೆರಡು ದಿನಕ್ಕೆ ಸಮುದ್ರ ಜಾಸ್ತಿ ಹಿಂದೆ ಸರಿಯುತ್ತದೆ. ಲೈಮ್‌ನಲ್ಲಿ ಆ ದೊಡ್ಡ ಇಳಿತ ಹೆಚ್ಚುಕಡಿಮೆ ಮಧ್ಯಾಹ್ನದ ಹೊತ್ತಿಗೇ ಬರುತ್ತದೆ. ಅಡುಗೆಮನೆ ಗೋಡೆಯ ಕನ್ನಡ ಕ್ಯಾಲೆಂಡರ್ ನೋಡಿ ವಾರಾಂತ್ಯ ಗೊತ್ತುಮಾಡಿಕೊಂಡು, ಆಮೇಲೆ ಸರಿಯಾದ ಗಂಟೆಯನ್ನು ಉಬ್ಬರ-ಇಳಿತದ ಪಟ್ಟಿಯಲ್ಲಿ ನೋಡುತ್ತೇನೆ. ಪಟ್ಟಿ ನೋಡದೆ ಮಾತ್ರ ಹೋಗಬೇಡಿ.

ನಾನು ಮೊದಲು ನಡೆಯುವುದು ಊರಿನ ಪೂರ್ವದ ದಂಡೆಯಲ್ಲಿ, ಪಕ್ಕದ ಹಳ್ಳಿ ಚಾರ್ಮತ್ ಕಡೆಗೆ. 2014ರಲ್ಲಿ ಮುಗಿದ ಸಮುದ್ರದ ಗೋಡೆಯ ಕೊನೆಯಲ್ಲಿ ಮೆಟ್ಟಿಲಿಳಿದರೆ ದಂಡೆ. ನೀರು ಇನ್ನೂ ಇಳಿಯುತ್ತಿರುವಾಗಲೇ ಶುರುಮಾಡಬೇಕು. ಪೂರ್ತಿ ಇಳಿದಾದ ಮೇಲೆ ಹೊರಟರೆ ವಾಪಸ್ ಬರುವಷ್ಟರಲ್ಲಿ ನೀರು ಏರಿ ಗುಡ್ಡದ ಬುಡ ಮುಟ್ಟಿಬಿಡುತ್ತದೆ, ದಾರಿ ಕಟ್ಟಾಗುತ್ತದೆ.

ಈ ಭಾಗದಲ್ಲಿ ದಂಡೆಯ ಮೇಲೆ ತುಕ್ಕು ಹಿಡಿದ ಕಬ್ಬಿಣ, ಹಳೇ ಪಿಂಗಾಣಿ ಚೂರು, ಬಾಟಲಿಯ ಗಾಜು ಬಿದ್ದಿರುವುದನ್ನು ನೋಡಿ ಬೇಜಾರಾಗಬೇಡಿ. ಮೇಲೆ ಊರಿನ ಹಳೆಯ ಕಸದ ಗುಂಡಿ ಇತ್ತು. 2008ರ ಮೇ ತಿಂಗಳಲ್ಲಿ ಗುಡ್ಡದ ದೊಡ್ಡ ಭಾಗ ಕುಸಿದಾಗ ಅದೆಲ್ಲ ಕೆಳಗೆ ಬಂತು. ಆದರೆ ಆ ತುಕ್ಕೇ ನನಗೆ ದಾರಿ ತೋರಿಸುತ್ತದೆ. ಇಲ್ಲಿನ ಸಣ್ಣ ಅಮ್ಮೊನೈಟ್‌ಗಳು ಎಷ್ಟೋ ಸಲ ಪೈರೈಟ್ ಆಗಿ, ಅಂದರೆ ಕಬ್ಬಿಣ-ಗಂಧಕದ ಖನಿಜವಾಗಿ ಮಾರ್ಪಟ್ಟಿರುತ್ತವೆ. ಸಾಮಾನ್ಯ ಕಲ್ಲಿಗಿಂತ ತೂಕ ಜಾಸ್ತಿ. ಅಲೆ ಭಾರದ ವಸ್ತುಗಳನ್ನೆಲ್ಲ ಒಂದೇ ತಗ್ಗಿನಲ್ಲಿ ಸೇರಿಸುತ್ತದೆ. ಹಾಗಾಗಿ ದೊಡ್ಡ ಕಲ್ಲುಗಳ ನಡುವೆ ಸಣ್ಣ ಜಲ್ಲಿ, ಅದರಲ್ಲಿ ತುಕ್ಕಿನ ಮೊಳೆ ಕಂಡ ಜಾಗದಲ್ಲಿ ನಾನು ಕೂತುಬಿಡುತ್ತೇನೆ. ನಡೆಯುತ್ತಾ ಹುಡುಕುವುದಕ್ಕಿಂತ ಒಂದೇ ಕಡೆ ಕೂತು ಹುಡುಕುವುದು ವಾಸಿ. ಮೊದಲ ಹತ್ತು ನಿಮಿಷ ಬರೀ ಕಲ್ಲೇ ಕಾಣುತ್ತದೆ. ಆಮೇಲೆ ಕಣ್ಣು ಹೊಂದಿಕೊಂಡು, ಸುರುಳಿ ತಾನೇ ಎದ್ದು ಕಾಣತೊಡಗುತ್ತದೆ.

ಅಪ್ಪ-ಅಮ್ಮ ಬಂದಿದ್ದಾಗ ಅವರನ್ನೂ ಕರೆದುಕೊಂಡು ಹೋದೆ. ಅಮ್ಮ ಮಡಚುವ ಕುರ್ಚಿ ಹಾಕಿಸಿಕೊಂಡು ಜಲ್ಲಿಯ ಹತ್ತಿರ ಕೂತರು. ಸ್ವಲ್ಪ ಹೊತ್ತಿಗೆ, "ಇಲ್ನೋಡೇ, ಇದರ ಮೇಲೆ ಚಕ್ರ ಇದೆ!" ಅಂದರು. ಹೆಬ್ಬೆರಳಿನ ಉಗುರಿಗಿಂತ ಚಿಕ್ಕ ಅಮ್ಮೊನೈಟ್. ಒದ್ದೆಯಾಗಿದ್ದಾಗ ಕಪ್ಪು, ಬಿಸಿಲಿಗೆ ತಿರುಗಿಸಿದರೆ ಹಿತ್ತಾಳೆಯ ಹೊಳಪು. ಹೊರಸುತ್ತಿನ ಗೆರೆಗಳು ಒಂದೂ ಸವೆದಿರಲಿಲ್ಲ, ಒಳಸುತ್ತು ಚಿಕ್ಕದಾಗುತ್ತಾ ಹೋಗಿ ನಡುವಿನ ಚುಕ್ಕೆಯಲ್ಲಿ ಮುಗಿದಿತ್ತು. "ನಮ್ಮ ದೇವರ ಮನೆಯ ಸಾಲಿಗ್ರಾಮದಲ್ಲಿರೋದು ಹೀಗೇ ಅಲ್ವಾ?" ಅಂತ ಅಮ್ಮ ಕೇಳಿದರು. ಅಮ್ಮ ಹೇಳಿದ್ದು ನಿಜ. ನೇಪಾಳದ ಗಂಡಕಿ ನದಿಯಿಂದ ಬರುವ ಸಾಲಿಗ್ರಾಮಗಳಲ್ಲಿ ಕಾಣುವ ಚಕ್ರ ಅಮ್ಮೊನೈಟ್‌ನದ್ದೇ. ಅವು ಲೈಮ್‌ನವುಗಳಿಗಿಂತ ಈಚಿನ ಕಾಲದವು, ಹಿಮಾಲಯ ಏಳುವ ಮೊದಲು ಅಲ್ಲಿದ್ದ ಸಮುದ್ರದಲ್ಲಿ ಬದುಕಿದ್ದವು. ಅಮ್ಮ ಅದನ್ನು ಕರವಸ್ತ್ರದಲ್ಲಿ ಸುತ್ತಿ ಪರ್ಸಿನಲ್ಲಿಟ್ಟುಕೊಂಡರು. ಆಮೇಲೆ ಅಪ್ಪನೂ ಸುಮ್ನೆ ಕೂರಲಿಲ್ಲ.

ಅಮ್ಮೊನೈಟ್ ಬಿಟ್ಟರೆ ಜಾಸ್ತಿ ಸಿಗುವುದು ಬೆಲೆಮ್ನೈಟ್. ಒಂದು ತುದಿ ಚೂಪಾದ ದುಂಡನೆಯ ಕಡ್ಡಿ, ಸ್ಕ್ವಿಡ್ (ಬೊಂಡಾಸ್) ಜಾತಿಗೆ ಹತ್ತಿರದ ಪ್ರಾಣಿಯ ಒಳಭಾಗ. ಗ್ರೈಫಿಯಾ ಅನ್ನುವ ಬಾಗಿದ ದಪ್ಪ ಚಿಪ್ಪುಗಳೂ ಸಿಗುತ್ತವೆ. ಅಪರೂಪಕ್ಕೆ ಇಕ್ತಿಯೋಸಾರ್ ಅನ್ನುವ, ಮೀನಿನಾಕಾರದ ಸಮುದ್ರ ಸರೀಸೃಪದ ಬೆನ್ನುಮೂಳೆಯ ಬಿಲ್ಲೆ. ಕೇರಂ ಸ್ಟ್ರೈಕರ್‌ನ ಹಾಗೆ ದುಂಡಗೆ, ಆದರೆ ಎರಡೂ ಮುಖ ಒಳಕ್ಕೆ ತಗ್ಗಾಗಿರುತ್ತದೆ. ಕಪ್ಪು ಕಲ್ಲಿನಲ್ಲಿ ಸಣ್ಣ ಸಣ್ಣ ತೂತುಗಳ ಮೂಳೆಯ ರಚನೆ ಕಂಡರೆ ಅದನ್ನು ಬಿಡಬೇಡಿ.

ಸುತ್ತಿಗೆ ಬೇಕೇ ಬೇಕು ಅಂತೇನಿಲ್ಲ. ನಾನು ಬಹಳ ಸಲ ಬರಿಗೈಯಲ್ಲೇ ಹುಡುಕುತ್ತೇನೆ. ಕಲ್ಲು ಒಡೆಯುವುದಾದರೆ ಕಣ್ಣಿಗೆ ಕನ್ನಡಕದ ರಕ್ಷಣೆ ಬೇಕು, ಮಕ್ಕಳು ದೂರ ಇರಬೇಕು. ಗುಡ್ಡಕ್ಕೆ ಕೈ ಹಾಕುವ ಹಾಗೇ ಇಲ್ಲ. ಅನುಮತಿ ಇಲ್ಲದೆ ಗುಡ್ಡ ಅಗೆಯಬಾರದು ಅನ್ನುವುದು ಇಲ್ಲಿನ ನಿಯಮ, ಮತ್ತು ಅದು ನಿಮ್ಮ ಜೀವದ ಪ್ರಶ್ನೆ ಕೂಡ. ಬ್ಲ್ಯಾಕ್ ವೆನ್ ಅನ್ನುವ ಆ ಗುಡ್ಡ ಯಾವಾಗಲೂ ಜಾರುತ್ತಿರುತ್ತದೆ. ಬುಡದಲ್ಲಿ ಕೂತು ಊಟದ ಡಬ್ಬಿ ಬಿಚ್ಚುವವರನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ. ದಂಡೆಗೆ ಹರಿದುಬಂದ ಕೆಸರಿನ ಮೇಲೂ ಕಾಲಿಡಬೇಡಿ. ಮೇಲೆ ಒಣಗಿದ ಹಾಗೆ ಕಂಡರೂ ಮೊಣಕಾಲಿನ ತನಕ ಹೂತುಕೊಳ್ಳುತ್ತದೆ.

ಆ ಗುಡ್ಡ ಎಂಥದ್ದು ಅಂತ, ಎರಡು ಶತಮಾನದ ಹಿಂದೆ ಇದೇ ದಂಡೆಯಲ್ಲಿ ಪಳೆಯುಳಿಕೆ ಹುಡುಕುತ್ತಿದ್ದ ಮೇರಿ ಆ್ಯನಿಂಗ್‌ಗೆ ಚೆನ್ನಾಗಿ ಗೊತ್ತಿತ್ತು. 1833ರಲ್ಲಿ ಕುಸಿದ ಮಣ್ಣು ಅವರ ನಾಯಿ ಟ್ರೇಯನ್ನು ಕಣ್ಣೆದುರೇ ಕೊಂದಿತು. ಈಕೆಯ ಬಗ್ಗೆ ಹೇಳದೆ ಈ ಊರಿನ ಬಗ್ಗೆ ಹೇಳುವುದು ನನ್ನಿಂದಾಗದು. ಹುಟ್ಟಿದ್ದು 1799ರಲ್ಲಿ, ಇದೇ ಊರಿನಲ್ಲಿ. ಅಪ್ಪ ಬಡಗಿ, ದಂಡೆಯಲ್ಲಿ ಸಿಕ್ಕಿದ್ದನ್ನು ಪ್ರವಾಸಿಗರಿಗೆ ಮಾರುತ್ತಿದ್ದ. 1810ರಲ್ಲಿ ಆತ ತೀರಿಕೊಂಡಾಗ ಮನೆಯಲ್ಲಿ ಸಾಲ ಬಿಟ್ಟರೆ ಏನೂ ಇರಲಿಲ್ಲ. ಮರುವರ್ಷ ಅಣ್ಣ ಜೋಸೆಫ್‌ಗೆ ಒಂದು ದೊಡ್ಡ ತಲೆಬುರುಡೆ ಸಿಕ್ಕಿತು. 1812ರಲ್ಲಿ ಅದರ ಉಳಿದ ಅಸ್ಥಿಗಳನ್ನು ಹುಡುಕಿದ್ದು ಮೇರಿ. ಆಗಿನ್ನೂ ಹನ್ನೆರಡು-ಹದಿಮೂರರ ಹುಡುಗಿ. ಅದೇ ಇಕ್ತಿಯೋಸಾರ್. 1823ರಲ್ಲಿ ಪ್ಲೀಸಿಯೋಸಾರ್ ಅನ್ನುವ ಇನ್ನೊಂದು ಸಮುದ್ರ ಸರೀಸೃಪದ ಪೂರ್ತಿ ಅಸ್ಥಿಪಂಜರ ತೆಗೆದರು. ಅದರ ಕುತ್ತಿಗೆ ಎಷ್ಟು ಉದ್ದ ಅಂದರೆ ಫ್ರಾನ್ಸಿನ ದೊಡ್ಡ ವಿಜ್ಞಾನಿ ಕ್ಯುವಿಯೆ ಮೊದಲು ಅದನ್ನು ನಕಲಿ ಅಂತ ಅನುಮಾನಿಸಿದರು, ಆಮೇಲೆ ಒಪ್ಪಿಕೊಂಡರು. ಲಂಡನ್ನಿನ ಜಿಯಲಾಜಿಕಲ್ ಸೊಸೈಟಿಯಲ್ಲಿ ಅದರ ಮೇಲೆ ಚರ್ಚೆ ನಡೆದಾಗ ಮೇರಿಗೆ ಅಲ್ಲಿ ಜಾಗವಿರಲಿಲ್ಲ. ಆ ಸೊಸೈಟಿ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡಿದ್ದು 1919ರಲ್ಲಿ. ಮೇರಿ 1847ರಲ್ಲೇ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಹುಡುಕಿದ್ದು ಒಬ್ಬರು, ಹೆಸರು ಬಂದದ್ದು ಕೊಂಡವರಿಗೆ, ಬರೆದವರಿಗೆ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆಕೆ ಹುಟ್ಟಿದ ಮನೆಯ ಜಾಗದಲ್ಲೇ ಈಗ ಲೈಮ್ ರೀಜಿಸ್ ಮ್ಯೂಸಿಯಂ ಇದೆ. ದಂಡೆಗೆ ಇಳಿಯುವ ಮೊದಲು ಅರ್ಧ ಗಂಟೆ ಅಲ್ಲಿ ಕಳೆಯಿರಿ. ಯಾವುದು ಮೂಳೆ, ಯಾವುದು ಬರೀ ಕಲ್ಲು ಅನ್ನುವುದು ಕಣ್ಣಿಗೆ ಹತ್ತುತ್ತದೆ. ಸ್ವಲ್ಪ ಮೇಲೆ ಸೇಂಟ್ ಮೈಕೆಲ್ ಚರ್ಚಿನಲ್ಲಿ ಅವರ ಸಮಾಧಿ, ಒಳಗೆ ಅವರ ನೆನಪಿನ ಬಣ್ಣದ ಗಾಜಿನ ಕಿಟಕಿ. 2022ರಲ್ಲಿ ದಂಡೆಯ ಹತ್ತಿರ ಕಂಚಿನ ಪ್ರತಿಮೆಯೂ ಬಂತು. ಅದಕ್ಕಾಗಿ ಅಭಿಯಾನ ಶುರುಮಾಡಿದ್ದು ಒಬ್ಬ ಶಾಲಾ ಹುಡುಗಿ ಮತ್ತು ಅವಳ ಅಮ್ಮ. ಪ್ರತಿಮೆಯಲ್ಲಿ ಮೇರಿ ಗುಡ್ಡದ ಕಡೆಗೆ ಹೆಜ್ಜೆ ಹಾಕುತ್ತಿದ್ದಾರೆ, ಜೊತೆಯಲ್ಲಿ ಟ್ರೇ ಇದೆ.

ಸಮಯವಿದ್ದರೆ ಇನ್ನೊಂದು ದಿನ ಪಶ್ಚಿಮಕ್ಕೆ, ಮನ್ಮತ್ ಬೀಚ್‌ಗೆ ಹೋಗಿ. 1685ರಲ್ಲಿ ರಾಜನ ವಿರುದ್ಧ ದಂಗೆ ಎದ್ದ ಮನ್ಮತ್‌ನ ಡ್ಯೂಕ್ ಬಂದಿಳಿದ ದಂಡೆ ಅದು. ಉರುಟು ಕಲ್ಲುಗಳ ಮೇಲೆ ನಡೆಯಬೇಕು, ಗಟ್ಟಿ ಬೂಟು ಹಾಕಿಕೊಳ್ಳಿ. ನೀರು ಚೆನ್ನಾಗಿ ಇಳಿದಾಗ ಸುಣ್ಣದ ಕಲ್ಲಿನ ಹಾಸು ತೆರೆದುಕೊಳ್ಳುತ್ತದೆ. ಅದರ ತುಂಬ ಅಮ್ಮೊನೈಟ್‌ಗಳು, ಒಂದರ ಪಕ್ಕ ಒಂದು. ಕೆಲವು ಅರ್ಧ ಮೀಟರಿಗಿಂತ ಅಗಲ. ಸುರುಳಿಗಳ ತಗ್ಗಿನಲ್ಲಿ ಸಮುದ್ರದ ನೀರು ನಿಂತಿರುತ್ತದೆ, ಅದರಲ್ಲಿ ಈಗಿನ ಕಾಲದ ಸಣ್ಣ ಶಂಖದ ಹುಳುಗಳು ಓಡಾಡುತ್ತಿರುತ್ತವೆ. ಇದನ್ನು ನೋಡಿ ಬರಬೇಕು ಅಷ್ಟೇ. ಒಡೆದು ತೆಗೆದುಕೊಂಡು ಹೋಗುವ ಹಾಗಿಲ್ಲ.

ಊರಿನ ಹಳೆಯ ಬಂದರುಕಟ್ಟೆ ಕಾಬ್ ಹತ್ತಿರದಲ್ಲೇ ಇದೆ. ಅದರ ಮೇಲುದಾರಿ ಸಮುದ್ರದ ಕಡೆಗೆ ಓರೆಯಾಗಿದೆ. ಗಾಳಿ ಜೋರಾಗಿದ್ದರೆ ಕೆಳದಾರಿಯಲ್ಲೇ ನಡೆಯಿರಿ. ಮಕ್ಕಳಿಗೆ ಬಂದರಿನ ಪಕ್ಕದ ಮರಳಿನ ದಂಡೆ ಇಷ್ಟವಾಗುತ್ತದೆ. ಟೌನ್ ಮಿಲ್‌ನಲ್ಲಿ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ ನೋಡಬಹುದು. ಊಟಕ್ಕೆ ಸಸ್ಯಾಹಾರಿಗಳಿಗೆ ಒಂದು ಮಾತು: ಇಂಗ್ಲೆಂಡಿನ ಕೆಲವು ಅಂಗಡಿಗಳಲ್ಲಿ ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಮೊದಲೇ ಕೇಳಿ. ನಾವು ಚಿತ್ರಾನ್ನದ ಡಬ್ಬಿ ಒಯ್ಯುತ್ತೇವೆ. ಡಬ್ಬಿ ತೆಗೆದಾಗ ಸೀಗಲ್ ಹಕ್ಕಿಗಳ ಮೇಲೆ ಒಂದು ಕಣ್ಣಿರಲಿ. ಕಾರಿಲ್ಲದವರು ಲಂಡನ್ ವಾಟರ್‌ಲೂನಿಂದ ಆಕ್ಸ್‌ಮಿನ್‌ಸ್ಟರ್‌ಗೆ ರೈಲಿನಲ್ಲಿ ಬಂದು, ಅಲ್ಲಿಂದ ಬಸ್ ಹಿಡಿಯಬಹುದು.

ಸಿಕ್ಕಿದ್ದು ಏನು ಅಂತ ಗೊತ್ತಾಗದಿದ್ದರೆ ಚಾರ್ಮತ್ ಹೆರಿಟೇಜ್ ಕೋಸ್ಟ್ ಸೆಂಟರ್‌ಗೆ ಒಯ್ದು ತೋರಿಸಿ. ಪ್ರವೇಶ ಉಚಿತ, ಬಹಳ ತಾಳ್ಮೆಯಿಂದ ಹೇಳಿಕೊಡುತ್ತಾರೆ. ಅವರು ನಡೆಸುವ ಪಳೆಯುಳಿಕೆ ನಡಿಗೆಗೆ ಮೊದಲ ಸಲ ಹೋಗುವವರು ಸೇರಿಕೊಳ್ಳುವುದು ಒಳ್ಳೆಯದು. ವಿಜ್ಞಾನಕ್ಕೆ ಮುಖ್ಯವಾದದ್ದು ಸಿಕ್ಕರೆ ಅಲ್ಲಿ ದಾಖಲು ಮಾಡಿಸಬೇಕು.

ಮನೆಗೆ ತಂದ ಮೇಲೂ ಕೆಲಸವಿದೆ. ಪೈರೈಟ್ ಅಮ್ಮೊನೈಟ್‌ಗೆ ತೇವ ಒಗ್ಗುವುದಿಲ್ಲ. ಆದರೂ ಮೊದಲು ಸಿಹಿನೀರಿನಲ್ಲಿ ಉಪ್ಪು ಹೋಗುವ ತನಕ ನೀರು ಬದಲಿಸಿ ಬದಲಿಸಿ ನೆನೆಸುತ್ತೇನೆ. ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಮೆಲ್ಲಗೆ ತಿಕ್ಕಿ, ಪೂರ್ತಿ ಒಣಗಿಸಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಿ ಗಾಳಿಯಾಡದ ಡಬ್ಬಿಯಲ್ಲಿಡುತ್ತೇನೆ. ಆಗಾಗ ಮುಚ್ಚಳ ತೆಗೆದು ನೋಡಬೇಕು. ಮೇಲೆ ಬಿಳಿ ಪುಡಿ ಕಂಡರೆ, ಗಂಧಕದ ವಾಸನೆ ಬಂದರೆ ಅದು ಕೊಳೆಯತೊಡಗಿದೆ ಅಂತ ಅರ್ಥ. ಅದನ್ನು ತಕ್ಷಣ ಬೇರೆ ಡಬ್ಬಿಗೆ ಹಾಕಿ, ಉಳಿದವುಗಳಿಗೆ ಹೊಸ ಸಿಲಿಕಾ ಇಡಿ.