ಸೈರನ್ ಕೂಗಿದರೆ ಬರುವವರು ಯಾರು? ಮನೆಗೆ ಕಳ್ಳರ ಅಲಾರಂ ಹಾಕಿಸುವ ಬಗೆ

ಊರಿಗೆ ಹೊರಡುವ ಹಿಂದಿನ ದಿನ ಎಸ್.ಪಿ. ರಸ್ತೆಗೆ ಹೋಗಿ ಒಂದು ಅಲಾರಂ ಕಿಟ್ ತಂದು, ಗೋಡೆಗೆ ಅಂಟಿಸಿ, ಬೀಗ ಜಡಿದು ಬಸ್ ಹತ್ತುವವರು ಬೆಂಗಳೂರಿನಲ್ಲಿ ಕಡಿಮೆಯೇನಿಲ್ಲ. ಎರಡು ದಿನ ಸುಮ್ಮನಿದ್ದು ಒಂದು ರಾತ್ರಿ ಅದು ಕೂಗುತ್ತದೆ. ಎದುರು ಮನೆಯವರು ಟಾರ್ಚ್ ಹಿಡಿದು ಓಡಿ ಬರುತ್ತಾರೆ. ಯಾರೂ ಇಲ್ಲ. ಮಾರನೇ ರಾತ್ರಿ ಮತ್ತೆ ಅದೇ. "ಏನ್ ಸಾರ್, ಇವತ್ತೂ ನಿಮ್ಮನೇದೇನಾ?" ಅಂತ ಫೋನ್ ಬರುತ್ತದೆ. ಆಮೇಲೆ ಫೋನೂ ಬರುವುದಿಲ್ಲ. ನಿಜವಾದ ಕಳ್ಳ ಬರುವ ಹೊತ್ತಿಗೆ ಆ ಸೈರನ್ನಿಗೆ ಕಿವಿಗೊಡುವವರೇ ಬೀದಿಯಲ್ಲಿ ಇರುವುದಿಲ್ಲ.

ಅಲಾರಂ ಕೂಡಿಸುವುದು ಕಷ್ಟವಲ್ಲ. ಬೇಡದ ಹೊತ್ತಲ್ಲಿ ಅದು ಬಾಯಿ ಮುಚ್ಚಿಕೊಂಡಿರುವಂತೆ ಮಾಡುವುದೇ ನಿಜವಾದ ಕೆಲಸ. ಈ ಲೇಖನದ ಹೆಚ್ಚಿನ ಮಾತೆಲ್ಲ ಅದರ ಬಗ್ಗೆಯೇ.

ಮೊದಲು ಮನೆ ಸುತ್ತಿ ಬನ್ನಿ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆ ಹಿಡಿದು ಮನೆಯ ಒಳಗೂ ಹೊರಗೂ ಒಂದು ಸುತ್ತು ಹಾಕಿ. ಯಾರಾದರೂ ಒಳಗೆ ಬರಬಹುದಾದ ಜಾಗಗಳನ್ನೆಲ್ಲ ಗುರುತು ಮಾಡಿ. ನಮ್ಮ 30-40 ಸೈಟಿನ ಮನೆಗಳಲ್ಲಿ ಮುಂಬಾಗಿಲಿಗೆ ತೇಗದ ಮರ, ಅದರ ಮುಂದೆ ಸೇಫ್ಟಿ ಡೋರ್, ಎರಡು ಬೀಗ ಇರುತ್ತವೆ. ತಾರಸಿಯ ಹೆಡ್‌ರೂಮ್ ಬಾಗಿಲಿಗೆ ಮಾತ್ರ ಒಂದು ಸಣ್ಣ ಚಿಲಕ! ಪಕ್ಕದ ತಾರಸಿಗೂ ನಮ್ಮದಕ್ಕೂ ಒಂದು ಹೆಜ್ಜೆ ಅಂತರ ಇದ್ದರೆ ಹೆಚ್ಚು. ಹಿಂದಿನ ಯುಟಿಲಿಟಿ ಬಾಗಿಲು, ಬಾಲ್ಕನಿಯ ಜಾರುವ ಗಾಜಿನ ಬಾಗಿಲು ಕೂಡ ಪಟ್ಟಿಯಲ್ಲಿರಲಿ. ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮಹಡಿಯವರು ಬಾಲ್ಕನಿಯನ್ನು, ಮೇಲಿನವರು ಮುಂಬಾಗಿಲನ್ನು ಜಾಸ್ತಿ ನೋಡಿಕೊಳ್ಳಬೇಕು.

ಬಾಗಿಲಿಗೊಂದು ಮ್ಯಾಗ್ನೆಟಿಕ್ ಕಾಂಟ್ಯಾಕ್ಟ್ (ಬಾಗಿಲು ತೆರೆದದ್ದನ್ನು ಹಿಡಿಯುವ ಸೆನ್ಸರ್), ಎಲ್ಲರೂ ದಾಟಲೇಬೇಕಾದ ಜಾಗಕ್ಕೆ ಓಡಾಟ ಹಿಡಿಯುವ ಒಂದು ಮೋಷನ್ ಸೆನ್ಸರ್. ಹಾಲ್‌ನಿಂದ ಮಲಗುವ ಕೋಣೆಗಳಿಗೆ ಹೋಗುವ ದಾರಿ, ಮೆಟ್ಟಿಲಿನ ಬುಡ ಇಂಥ ಜಾಗಗಳು. ಕೋಣೆಗೊಂದು ಸೆನ್ಸರ್ ಬೇಕಿಲ್ಲ. ಜಾಸ್ತಿ ಹಾಕಿದಷ್ಟೂ ಸುಳ್ಳು ಕೂಗಿಗೆ ದಾರಿ ಜಾಸ್ತಿ.

ಏನನ್ನು ಕೊಳ್ಳಬೇಕು

ಮನೆ ಕಟ್ಟುತ್ತಿದ್ದರೆ ಅಥವಾ ಪೇಂಟಿಂಗ್‌ಗೆ ಮುಂಚೆ ಗೋಡೆ ಒಡೆಸುತ್ತಿದ್ದರೆ ವೈರ್ ಎಳೆಸಿಬಿಡಿ. ಸೆನ್ಸರ್‌ಗೆ ನಾಲ್ಕು ಕೋರ್‌ನ ತೆಳು ಕೇಬಲ್ ಸಾಕು. ಆದರೆ 230 ವೋಲ್ಟ್ ವೈರ್ ಹೋಗುವ ಪೈಪಿನಲ್ಲೇ ಅದನ್ನು ತುರುಕಬೇಡಿ. ಮನೆ ಆಗಲೇ ಮುಗಿದಿದ್ದರೆ ವೈರ್‌ಲೆಸ್ ಸಾಕು.

ಅಮೆರಿಕದಿಂದ ಬಂದ ಅಣ್ಣನೋ ಅಳಿಯನೋ ತಂದುಕೊಟ್ಟ ಕಿಟ್ ಇದ್ದರೆ ಸ್ವಲ್ಪ ತಡೆಯಿರಿ. ಅಲ್ಲಿ ಕರೆಂಟ್ 120 ವೋಲ್ಟ್. ಅಡಾಪ್ಟರ್ ಮೇಲೆ 100ರಿಂದ 240 ಅಂತ ಬರೆದಿಲ್ಲದಿದ್ದರೆ ನಮ್ಮ ಪ್ಲಗ್ಗಿಗೆ ಹಾಕಿದ ಕ್ಷಣ ಅದರ ಕತೆ ಮುಗಿಯಿತು. ರೇಡಿಯೋ ಅಲೆಗಳೂ ಬೇರೆ. ನಮ್ಮಲ್ಲಿ ಇಂಥ ಸಣ್ಣ ಸಾಧನಗಳಿಗೆ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವುದು 433 ಮತ್ತು 865 ಮೆಗಾಹರ್ಟ್ಜ್ ಆಸುಪಾಸಿನ ಅಲೆಗಳನ್ನು.

ಸೆನ್ಸರ್‌ಗಳ ಸುದ್ದಿ ಪಡೆದು ಸೈರನ್ ಕೂಗಿಸುವ ಮುಖ್ಯ ಪೆಟ್ಟಿಗೆಗೆ ಪ್ಯಾನಲ್ ಅನ್ನುತ್ತಾರೆ. ಫೋನಿಗೆ ಕರೆ ಮಾಡುವ ಸಿಮ್ ಇರುವ ಪ್ಯಾನಲ್ ಕೊಳ್ಳುವಾಗ ಅದು 2ಜಿಯೋ 4ಜಿಯೋ ಕೇಳಿ. ಅಗ್ಗದ ಪ್ಯಾನಲ್‌ಗಳಲ್ಲಿ 2ಜಿ ಮಾತ್ರ ಇರುವುದು ಮಾಮೂಲಿ. ಜಿಯೋಗೆ 2ಜಿ ಜಾಲವೇ ಇಲ್ಲ, ಹಾಗಾಗಿ ಆ ಸಿಮ್ ಅದರಲ್ಲಿ ನಡೆಯುವುದಿಲ್ಲ. ಯಾವ ಸಿಮ್ ಹಾಕಿದರೂ ಅದರ ರೀಚಾರ್ಜ್ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ವ್ಯಾಲಿಡಿಟಿ ಮುಗಿದು ಬಾಯಿ ಬಿದ್ದುಹೋದ ಪ್ಯಾನಲ್‌ಗಳು ಈ ಊರಲ್ಲಿ ಎಷ್ಟಿವೆಯೋ.

ಡ್ರಿಲ್ ಹಿಡಿಯುವ ಮುಂಚೆ

ಎಲ್ಲವನ್ನೂ ಊಟದ ಟೇಬಲ್ ಮೇಲೆ ಹರಡಿ. ಪ್ಯಾನಲ್‌ಗೆ ಕರೆಂಟ್ ಕೊಟ್ಟು ಒಂದೊಂದೇ ಸೆನ್ಸರ್ ಜೋಡಿಸಿ. ಜೋಡಿಸಿದ ತಕ್ಷಣ ಅದರ ಬೆನ್ನಿಗೆ ಚೀಟಿ ಅಂಟಿಸಿ, ಪ್ಯಾನಲ್ ಅದನ್ನು ಗುರುತಿಸುವ ವಲಯದ ನಂಬರನ್ನೂ ಜಾಗವನ್ನೂ ಬರೆಯಿರಿ: "ವಲಯ 1, ಮುಂಬಾಗಿಲು", "ವಲಯ 2, ತಾರಸಿ". ಸೈರನ್ ಮೇಲೊಂದು ದಿಂಬು ಒತ್ತಿಟ್ಟುಕೊಂಡು ಪರೀಕ್ಷೆ ಮಾಡಿ. 100 ಡೆಸಿಬೆಲ್ ಮೀರುವ ಸದ್ದು ಮುಚ್ಚಿದ ಕೋಣೆಯಲ್ಲಿ ಕಿವಿಗೆ ಒಳ್ಳೆಯದಲ್ಲ.

ಪ್ಯಾನಲ್‌ಗೆ ಮುಂಬಾಗಿಲಿನಿಂದಾಗಲಿ ಕಿಟಕಿಯಿಂದಾಗಲಿ ಕಾಣದ ಜಾಗ ಹುಡುಕಿ. ಮೆಟ್ಟಿಲಿನ ಕೆಳಗೆ ಆದೀತು. ಕಬ್ಬಿಣದ ಬೀರುವಿನೊಳಗೆ ಮಾತ್ರ ಬೇಡ, ಸಿಗ್ನಲ್ ಹೊರಗೆ ಬರುವುದಿಲ್ಲ. ಮನೆಯಲ್ಲಿ ಯುಪಿಎಸ್ ಇದ್ದರೆ ಪ್ಯಾನಲ್‌ಗೂ ವೈಫೈ ಪೆಟ್ಟಿಗೆಗೂ ಆ ಲೈನಿನಿಂದಲೇ ಕರೆಂಟ್ ಕೊಡಿಸಿ. ಹೊಸ ಪ್ಲಗ್ ಪಾಯಿಂಟ್ ಬೇಕಾದರೆ ಎಲೆಕ್ಟ್ರಿಷಿಯನ್ನನ್ನೇ ಕರೆಯಿರಿ. ಪ್ಯಾನಲ್, ಸೆನ್ಸರ್‌ಗಳ 12 ವೋಲ್ಟ್ ಕಡೆಯ ಕೆಲಸ ನಿಮ್ಮದು, 230ರ ಕಡೆಯದು ಅವರದು.

ಬಾಗಿಲಿನ ಕಾಂಟ್ಯಾಕ್ಟ್

ಇದರಲ್ಲಿ ಎರಡು ತುಂಡು. ಒಂದರಲ್ಲಿ ಅಯಸ್ಕಾಂತ, ಅದು ಬಾಗಿಲಿನ ಹಲಗೆಗೆ. ಇನ್ನೊಂದರಲ್ಲಿ ಸಣ್ಣ ಗಾಜಿನ ಕೊಳವೆಯೊಳಗೆ ಎರಡು ಲೋಹದ ಎಳೆ, ಅದು ಚೌಕಟ್ಟಿಗೆ. ಅಯಸ್ಕಾಂತ ಹತ್ತಿರ ಇದ್ದಾಗ ಎಳೆಗಳು ಕೂಡಿರುತ್ತವೆ, ದೂರ ಸರಿದರೆ ಬಿಡುತ್ತವೆ. ಇವನ್ನು ಕೀಲಿನ ಕಡೆ ಹಾಕಬೇಡಿ. ಅಲ್ಲಿ ಬಾಗಿಲು ಅರ್ಧ ತೆರೆದರೂ ಅಂತರ ಅಷ್ಟಾಗಿ ಬದಲಾಗುವುದಿಲ್ಲ. ಚಿಲಕದ ಕಡೆಯ ಮೇಲ್ತುದಿಯಲ್ಲಿರಲಿ. ಬಾಗಿಲು ಮುಚ್ಚಿದಾಗ ಎರಡರ ನಡುವೆ ಅರ್ಧ ಸೆಂಟಿಮೀಟರ್ ಬಂದರೆ ಚೆನ್ನ.

ಮರದ ಬಾಗಿಲಿಗೆ ನಮ್ಮ ಮಳೆಗಾಲ ಒಂದು ಪರೀಕ್ಷೆ. ಜೂನ್ ಕಳೆಯುತ್ತಿದ್ದಂತೆ ಹಲಗೆ ಉಬ್ಬಿ ಬಾಗಿಲು ಪೂರ್ತಿ ಕೂರುವುದಿಲ್ಲ. ಎಳೆದು ಹಾಕಿಕೊಂಡು ಹೋಗುತ್ತೀರಿ, ರಾತ್ರಿ ಗಾಳಿಗೆ ಅದು ಒಂದು ಬೆರಳು ಹಿಂದೆ ಬರುತ್ತದೆ, ಸೈರನ್ ಕೂಗುತ್ತದೆ. ಇದಕ್ಕೆ ಸೆನ್ಸರ್ ಬದಲಿಸುವುದು ಮದ್ದಲ್ಲ, ಬಡಗಿಯನ್ನು ಕರೆಸಿ ಅಂಚು ಉಜ್ಜಿಸಬೇಕು. ಎರಡೂ ಕಡೆ ಅಂಟುವ ಟೇಪನ್ನೂ ನಂಬಬೇಡಿ. ಥಂಡಿಗೆ ಕಿತ್ತು ಬರುತ್ತದೆ. ಸ್ಕ್ರೂ ಹಾಕಿ.

ಕಬ್ಬಿಣದ ಗೇಟು, ಗ್ರಿಲ್, ತಗಡಿನ ಬಾಗಿಲುಗಳದು ಇನ್ನೊಂದು ಕತೆ. ಕಬ್ಬಿಣ ಅಯಸ್ಕಾಂತದ ಬಲವನ್ನು ತಾನೇ ಎಳೆದುಕೊಳ್ಳುತ್ತದೆ. ಎರಡೂ ತುಂಡಿನ ಅಡಿಗೆ ಮರದ ಅಥವಾ ಪ್ಲಾಸ್ಟಿಕ್ಕಿನ ದಪ್ಪ ಪಟ್ಟಿ ಕೊಡಿ. ಅದರಿಂದಲೂ ಆಗದಿದ್ದರೆ ಶಟರ್‌ಗಳಿಗೆಂದೇ ಸಿಗುವ ದೊಡ್ಡ ಕಾಂಟ್ಯಾಕ್ಟ್ ತನ್ನಿ.

ಹಲ್ಲಿ, ಬಿಸಿಲು ಮತ್ತು ಮೋಷನ್ ಸೆನ್ಸರ್

ಸುಳ್ಳು ಕೂಗಿನ ದೊಡ್ಡ ಪಾಲು ಇಲ್ಲಿಂದಲೇ ಬರುವುದು. ಪಿಐಆರ್ ಅಂತ ಕರೆಯುವ ಈ ಸೆನ್ಸರ್ ಏನನ್ನೂ ಹೊರಗೆ ಬಿಡುವುದಿಲ್ಲ. ಮೈಯಿಂದ, ಗೋಡೆಯಿಂದ, ಸೋಫಾದಿಂದ ಬರುವ ಶಾಖದ ಕಿರಣಗಳನ್ನು ಸುಮ್ನೆ ನೋಡುತ್ತಾ ಕೂತಿರುತ್ತದೆ. ಮುಂದಿನ ಬಿಳಿ ಲೆನ್ಸ್ ಕೋಣೆಯನ್ನು ಬೀಸಣಿಗೆಯ ಕಡ್ಡಿಗಳಂತೆ ಪಟ್ಟಿ ಪಟ್ಟಿಯಾಗಿ ಹಂಚುತ್ತದೆ. ಬೆಚ್ಚಗಿನದೊಂದು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದರೆ "ಯಾರೋ ಬಂದರು" ಅನ್ನುತ್ತದೆ. ಹಾಗಾಗಿ ಅಡ್ಡ ನಡೆಯುವವರನ್ನು ಅದು ಬೇಗ ಹಿಡಿಯುತ್ತದೆ, ನೇರವಾಗಿ ತನ್ನ ಕಡೆಗೇ ಬರುವವರನ್ನು ತಡವಾಗಿ. ಕೋಣೆಯ ಮೂಲೆಯಲ್ಲಿ ಏಳರಿಂದ ಎಂಟು ಅಡಿ ಎತ್ತರದಲ್ಲಿ, ಬರುವವರು ಅಡ್ಡ ಹಾಯುವಂತೆ ಹಾಕಿ.

ಕಿಟಕಿಗೆ ಮುಖ ಮಾಡಿ ಮಾತ್ರ ಬೇಡ. ಗಾಜಿನ ಆಚೆ ಇರುವ ಮನುಷ್ಯನ ಶಾಖ ಅದಕ್ಕೆ ಕಾಣುವುದಿಲ್ಲ, ಆದರೆ ಬಿಸಿಲು ಒಳಗೆ ಬಂದು ನೆಲ, ಪರದೆಗಳನ್ನು ಕಾಯಿಸುತ್ತದೆ. ಪಶ್ಚಿಮಕ್ಕೆ ಕಿಟಕಿ ಇರುವ ಹಾಲ್‌ನಲ್ಲಿ ಸಂಜೆ ಐದರ ಬಿಸಿಲಿಗೆ ಕಾದ ಪರದೆ ಗಾಳಿಗೆ ತೂಗಿದರೆ ಸಾಕು. ಎ.ಸಿ., ಒಲೆ, ಫ್ರಿಜ್‌ನ ಹಿಂಭಾಗ, ದೇವರ ಮುಂದಿನ ದೀಪ, ಇವೆಲ್ಲ ಅದರ ದಾರಿಗೆ ಬಾರದಿರಲಿ. ಇನ್ನೊಂದು ವಿಷಯ: ಕೋಣೆಯ ಬಿಸಿ ಮೈಯ ಬಿಸಿಗೆ ಹತ್ತಿರವಾದಷ್ಟೂ ಸೆನ್ಸರ್ ಮಂಕಾಗುತ್ತದೆ. ಏಪ್ರಿಲ್‌ನಲ್ಲಿ ತಾರಸಿ ಕೆಳಗಿನ, ಕಿಟಕಿ ಮುಚ್ಚಿದ ಕೋಣೆ ಹಾಗೆಯೇ ಕಾದಿರುತ್ತದೆ. ಅಲ್ಲಿ ಬಾಗಿಲಿನ ಕಾಂಟ್ಯಾಕ್ಟ್ ಕೂಡ ಇರಲೇಬೇಕು.

ಇನ್ನು ಹಲ್ಲಿ. ದೂರದ ಗೋಡೆಯ ಮೇಲಿನ ಹಲ್ಲಿಯಿಂದ ತೊಂದರೆಯಿಲ್ಲ. ಲೆನ್ಸ್ ಮೇಲೇ ಹರಿದರೆ ಸೆನ್ಸರ್‌ಗೆ ಅದು ಆನೆಯಷ್ಟೇ ದೊಡ್ಡದು. ಟ್ಯೂಬ್‌ಲೈಟ್ ಇದ್ದಲ್ಲಿ ಹುಳ, ಹುಳ ಇದ್ದಲ್ಲಿ ಹಲ್ಲಿ. ಆದ್ದರಿಂದ ದೀಪದಿಂದ ಒಂದಷ್ಟು ದೂರ ಹಾಕಿ. ಇರುವೆ ಇನ್ನೂ ಕಿಲಾಡಿ. ವೈರ್ ತೂರಿಸಿದ ತೂತಿನಿಂದ ಒಳಗೆ ಹೋಗಿ ಶಾಖ ಹಿಡಿಯುವ ಚುಕ್ಕೆಯ ಮೇಲೇ ಓಡಾಡುತ್ತದೆ. ಆ ತೂತಿಗೆ ಸ್ವಲ್ಪ ಸಿಲಿಕೋನ್ ತುಂಬಿ. "ಸಾಕುಪ್ರಾಣಿಗೆ ಕೂಗುವುದಿಲ್ಲ" ಅಂತ ಡಬ್ಬಿ ಮೇಲೆ ಬರೆದಿದ್ದರೂ ಬೆಕ್ಕಿರುವ ಮನೆಯವರು ನಂಬಬೇಡಿ. ಆ ಮಾತು ನೆಲದ ಮೇಲೆ ನಡೆಯುವ ಪ್ರಾಣಿಗೆ. ಬೆಕ್ಕು ಬೀರು ಹತ್ತುತ್ತದೆ, ಅಲ್ವಾ?

ಸೈರನ್ ಮತ್ತು ಸೆಟ್ಟಿಂಗ್

ಹೊರಗಿನ ಸೈರನ್ ಸಜ್ಜಾದ ಕೆಳಗೆ, ಏಣಿ ಇಲ್ಲದೆ ಕೈಗೆ ಸಿಗದ ಎತ್ತರದಲ್ಲಿರಲಿ. ಮೂರರಿಂದ ಐದು ನಿಮಿಷಕ್ಕೆ ತಾನಾಗಿ ನಿಲ್ಲುವಂತೆ ಸೆಟ್ ಮಾಡಿ. ಹೊರಗೆ ಹೋಗಲು 45 ಸೆಕೆಂಡ್, ಒಳಗೆ ಬಂದು ಕೋಡ್ ಒತ್ತಲು 30 ಸೆಕೆಂಡ್ ಸಾಕು. ಮನೆಯಲ್ಲಿ ವಯಸ್ಸಾದವರಿದ್ದರೆ ಸ್ವಲ್ಪ ಹೆಚ್ಚಿಸಿ. ಕಂಪನಿ ಕೊಟ್ಟ 1234 ಅನ್ನು ಮೊದಲ ದಿನವೇ ಬದಲಿಸಿ. ಮನೆಗೆಲಸದವರಿಗೆ ಬೇರೆ ಕೋಡ್ ಕೊಟ್ಟರೆ ಅವರು ಬಿಟ್ಟಾಗ ಅದೊಂದನ್ನೇ ಅಳಿಸಬಹುದು.

ಕರೆ ಹೋಗಬೇಕಾದ ನಂಬರ್‌ಗಳಲ್ಲಿ ಮೊದಲನೆಯದು ದಾವಣಗೆರೆಯ ಭಾವನದಲ್ಲ, ನಡೆದುಕೊಂಡೇ ಬರಬಲ್ಲವರದಿರಲಿ. ಅವರ ಒಪ್ಪಿಗೆ ಕೇಳಿ, ಒಮ್ಮೆ ಸೈರನ್ ಕೂಗಿಸಿ ತೋರಿಸಿ. ಬಾಗಿಲು ತೆರೆದಿದ್ದು ಕಂಡರೆ ಒಬ್ಬರೇ ಒಳಗೆ ಹೋಗದೆ 112ಕ್ಕೆ ಫೋನ್ ಮಾಡಬೇಕು ಅಂತಲೂ ಹೇಳಿ. ಹೆಚ್ಚು ದಿನ ಊರಿಗೆ ಹೋಗುವುದಾದರೆ ಹತ್ತಿರದ ಠಾಣೆಗೂ ತಿಳಿಸಿ ಹೋಗಿ.

ಸುಮ್ಸುಮ್ನೆ ಕೂಗಿದರೆ

ಸೆನ್ಸರ್ ಬಿಚ್ಚುವ ಮೊದಲು ಪ್ಯಾನಲ್ ಅಥವಾ ಆ್ಯಪ್‌ನಲ್ಲಿ ಇತಿಹಾಸ ತೆಗೆದು ನೋಡಿ. ಯಾವ ವಲಯ, ಎಷ್ಟು ಗಂಟೆಗೆ? ದಿನಾ ಒಂದೇ ಹೊತ್ತಿಗಾದರೆ ಬಿಸಿಲು. ರಾತ್ರಿ ಯಾವ್ಯಾವುದೋ ಹೊತ್ತಲ್ಲಾದರೆ ಹುಳ. ಮಳೆ ಬಂದಾಗಲಾದರೆ ಬಾಗಿಲು ಉಬ್ಬಿದೆ ಅಥವಾ ಸೈರನ್ ಒಳಗೆ ನೀರು ಹೋಗಿದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಆದರೆ ಪ್ಯಾನಲ್‌ನ ಬ್ಯಾಟರಿ ಸತ್ತಿದೆ.

ಕಾಂಟ್ಯಾಕ್ಟ್ ಬಗ್ಗೆ ಅನುಮಾನ ಇದ್ದರೆ ಮಲ್ಟಿಮೀಟರನ್ನು ಬೀಪ್ ಗುರುತಿಗೆ ತಿರುಗಿಸಿ, ಬಿಚ್ಚಿದ ಎರಡು ವೈರಿಗೆ ಹಿಡಿಯಿರಿ. ಅಯಸ್ಕಾಂತ ಹತ್ತಿರ ತಂದಾಗ ಕೂಗಿ, ದೂರ ಸರಿಸಿದಾಗ ನಿಂತರೆ ಅದು ಸರಿಯಿದೆ, ತಪ್ಪು ವೈರಿಂಗ್‌ನಲ್ಲಿದೆ. ವೈರ್‌ಲೆಸ್ ಸೆನ್ಸರ್ ಒಮ್ಮೆ ಸಿಕ್ಕಿ ಒಮ್ಮೆ ತಪ್ಪುತ್ತಿದ್ದರೆ ಮೊದಲು ಸೆಲ್ ಬದಲಿಸಿ, ಆಮೇಲೆ ಉಳಿದ ಯೋಚನೆ. ಆ್ಯಪ್‌ನಲ್ಲಿ "ಆಫ್‌ಲೈನ್" ಅಂತ ಬಂದರೆ ವೈಫೈ ಪಾಸ್‌ವರ್ಡ್ ಬದಲಾಗಿದೆಯೇ ನೋಡಿ. ಬಹಳಷ್ಟು ಪ್ಯಾನಲ್‌ಗಳಿಗೆ 2.4 ಗಿಗಾಹರ್ಟ್ಜ್ ವೈಫೈ ಮಾತ್ರ ಸಿಗುತ್ತದೆ, 5 ಕಾಣುವುದೇ ಇಲ್ಲ.

ಬ್ಯಾಟರಿ, ಧೂಳು, ಆಯುಧಪೂಜೆ

ವೈರ್ ಇರುವ ಪ್ಯಾನಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್-ಅವರ್‌ನ ಮುಚ್ಚಿದ ಲೆಡ್ ಬ್ಯಾಟರಿ. ಎಲ್ಲ ಸೆನ್ಸರ್ ಸೇರಿ 200 ಮಿಲಿಆಂಪಿಯರ್ ಎಳೆದರೆ ಲೆಕ್ಕಕ್ಕೆ 35 ಗಂಟೆ. ಹಳೆಯದಾದರೆ ಅದರ ಅರ್ಧವೂ ಬರಲಿಕ್ಕಿಲ್ಲ. ತಿಂಗಳಿಗೊಮ್ಮೆ ಪ್ಯಾನಲ್‌ನ ಪ್ಲಗ್ ತೆಗೆದು ಒಂದು ಗಂಟೆ ಬಿಟ್ಟು, ಆಮೇಲೆ ಸೈರನ್ ಕೂಗಿಸಿ ಬ್ಯಾಟರಿಗೆ ಮೀಟರ್ ಹಿಡಿಯಿರಿ. 12 ವೋಲ್ಟಿಗಿಂತ ಕೆಳಗೆ ಕುಸಿದರೆ ಹೊಸದು ತನ್ನಿ. ಮೂರರಿಂದ ಐದು ವರ್ಷ ಅದರ ಆಯಸ್ಸು. ಹಳೆಯದನ್ನು ಕಸದ ಗಾಡಿಗೆ ಹಾಕದೆ ಅಂಗಡಿಗೇ ಕೊಟ್ಟರೆ ಹೊಸದರ ಬೆಲೆಯಲ್ಲಿ ಸ್ವಲ್ಪ ಕಳೆಯುತ್ತಾರೆ.

ಅದೇ ದಿನ ಕೋಣೆಗಳಲ್ಲಿ ಒಂದು ಸುತ್ತು ನಡೆದು, ಎಲ್ಲ ಬಾಗಿಲು ತೆರೆದು ಮುಚ್ಚಿ, ಪ್ರತಿ ವಲಯವೂ ಪ್ಯಾನಲ್‌ನಲ್ಲಿ ಮಿನುಗುತ್ತದೆಯೇ ನೋಡಿ. ಲೆನ್ಸಿನ ಧೂಳನ್ನು ಒಣಬಟ್ಟೆಯಲ್ಲಿ ಒರೆಸಿ. ಸೆಲ್‌ಗಳನ್ನು ಒಂದೊಂದಾಗಿ ಕಾಯುತ್ತಾ ಕೂರುವ ಬದಲು ವರ್ಷಕ್ಕೊಮ್ಮೆ ಆಯುಧಪೂಜೆಯ ಹಿಂದಿನ ದಿನ ಎಲ್ಲವನ್ನೂ ಬದಲಿಸುವ ರೂಢಿ ಮಾಡಿಕೊಳ್ಳಿ. ಪೂಜೆಯ ದಿನ ಪ್ಯಾನಲ್‌ಗೊಂದು ಹೂ ಇಡಿ, ಬೇಡ ಅನ್ನುವವರ್ಯಾರು. ಸೆನ್ಸರ್ ಮುಖಕ್ಕೆ ಮಾತ್ರ ಅರಿಶಿನ ಕುಂಕುಮ ಹಚ್ಚಬೇಡಿ. ಪೇಂಟರ್‌ಗಳು ಬಂದಾಗ ಸೆನ್ಸರ್‌ಗಳನ್ನು ಬಿಚ್ಚಿ ಎತ್ತಿಡಿ. ಬಿಟ್ಟರೆ ಗೋಡೆಯ ಜೊತೆಗೇ ಅದಕ್ಕೂ ಒಂದು ಕೋಟ್ ಬೀಳುತ್ತದೆ.

ಮನೆ ಬಾಡಿಗೆಗೆ ಕೊಟ್ಟಿರುವವರು ಬಾಡಿಗೆದಾರರು ಖಾಲಿ ಮಾಡಿದ ದಿನವೇ ಪ್ಯಾನಲ್‌ನಿಂದ ಅವರ ಫೋನ್ ನಂಬರ್, ಕೋಡ್, ಆ್ಯಪ್ ಲಾಗಿನ್ ಮೂರನ್ನೂ ಅಳಿಸಿ. ರಿಮೋಟ್ ಕಳೆದುಹೋಗಿದೆ ಅಂತ ಅವರು ಹೇಳಿದರೆ ಆ ರಿಮೋಟನ್ನೂ ಪಟ್ಟಿಯಿಂದ ತೆಗೆದುಹಾಕಿ, ಆಮೇಲೆ ಅಡ್ವಾನ್ಸ್ ಲೆಕ್ಕಕ್ಕೆ ಕೂರಿ.