ಅಮ್ಮನ ಹೆಸರಿನಲ್ಲೇ ಉಳಿದಿದ್ದ ನನ್ನ ನಾಮನಿರ್ದೇಶನ

ಕೇಂದ್ರ ಸರ್ಕಾರದ ಕಚೇರಿಯೊಂದರ ಆಡಳಿತ ಶಾಖೆಯಲ್ಲಿ 38 ವರ್ಷ ಕೆಲಸ ಮಾಡಿದ ನಾನು ಇತರರ ನಾಮನಿರ್ದೇಶನ ಪತ್ರಗಳನ್ನು, ಅಂದರೆ ನೌಕರ ತೀರಿಕೊಂಡರೆ ಅವನ ಹಣ ಯಾರಿಗೆ ಸೇರಬೇಕೆಂದು ಬರೆದುಕೊಡುವ ಕಾಗದಗಳನ್ನು, ಎಷ್ಟು ಸಲ ಅವರ ನೌಕರಿಯ ದಾಖಲೆಯಾದ ಸೇವಾ ಪುಸ್ತಕಕ್ಕೆ ಅಂಟಿಸಿದ್ದೇನೋ ಲೆಕ್ಕವಿಲ್ಲ. ನನ್ನದನ್ನು ಮಾತ್ರ 2022ರವರೆಗೆ ತೆರೆದು ನೋಡಿರಲಿಲ್ಲ. 1987ರಲ್ಲಿ ಸೇರಿ ಮರುವರ್ಷ ಜಿಪಿಎಫ್ (ಸಾಮಾನ್ಯ ಭವಿಷ್ಯ ನಿಧಿ) ಖಾತೆ ತೆರೆದಾಗ, ಇನ್ನೂ ಮದುವೆಯಾಗಿರದ ಕಾರಣ, ಅಮ್ಮನ ಹೆಸರು ಬರೆದು ಕೊಟ್ಟಿದ್ದೆ. ನಿವೃತ್ತಿಯಲ್ಲೋ ಮರಣದಲ್ಲೋ ಒಟ್ಟಾಗಿ ಸಿಗುವ ಗ್ರಾಚ್ಯುಟಿಗೂ ಅದೇ ಹೆಸರು. 1992ರಲ್ಲಿ ಮದುವೆಯಾಯಿತು, ಮಗಳು ಹುಟ್ಟಿದಳು, ಮಗ ಹುಟ್ಟಿದ, 2009ರಲ್ಲಿ ಅಮ್ಮ ತೀರಿಕೊಂಡರು. ಆ ಕಾಗದದಲ್ಲಿ ಮಾತ್ರ ಏನೂ ಬದಲಾಗಲಿಲ್ಲ.

ನೌಕರನಿಗೆ ಪ್ರತಿ ವರ್ಷ ಸೇವಾ ಪುಸ್ತಕವನ್ನು ತೋರಿಸಿ ಸಹಿ ಪಡೆಯಬೇಕೆಂಬ ನಿಯಮವಿದೆ. ನಾನೂ ಸಹಿ ಮಾಡುತ್ತಲೇ ಬಂದಿದ್ದೆ. ಸಹಿ ಹಾಕಬೇಕಾದ ಪುಟವನ್ನು ಯಾರೋ ತೆರೆದು ಹಿಡಿಯುತ್ತಿದ್ದರು, ನಾನು ಆ ಪುಟವನ್ನಷ್ಟೇ ನೋಡುತ್ತಿದ್ದೆ.

ಕಣ್ಣು ತೆರೆಸಿದ್ದು ಸಹೋದ್ಯೋಗಿಯೊಬ್ಬರ ಕಡತ. 2021ರಲ್ಲಿ ಅವರು ಸೇವೆಯಲ್ಲಿರುವಾಗಲೇ ತೀರಿಕೊಂಡರು. ಅವರು ನಾಮನಿರ್ದೇಶನ ಮಾಡಿದ್ದು ತಂದೆಯ ಹೆಸರಿಗೆ, ಆ ತಂದೆ ಮಗನಿಗಿಂತ ಎಷ್ಟೋ ವರ್ಷ ಮೊದಲೇ ಹೋಗಿದ್ದರು. ಬದಲಿ ನಾಮಿನಿಯ ಕಾಲಂ ಖಾಲಿ. ಹೀಗಾಗಿ ನಾಮನಿರ್ದೇಶನವೇ ಇಲ್ಲವೆಂದು ಭಾವಿಸಿ ನಿಯಮದ ಪ್ರಕಾರ ಹಣ ಹಂಚಬೇಕಾಯಿತು. ಮನೆಯಲ್ಲಿದ್ದವರು ಹೆಂಡತಿ, ಇನ್ನೂ ಪ್ರಾಯಕ್ಕೆ ಬಾರದ ಇಬ್ಬರು ಮಕ್ಕಳು ಮತ್ತು ಆ ಸಹೋದ್ಯೋಗಿಯ ತಾಯಿ. ಜಿಪಿಎಫ್ ನಿಯಮದಲ್ಲಿ ಕುಟುಂಬವೆಂದರೆ ತಂದೆತಾಯಿಯರೂ ಸೇರುತ್ತಾರೆ, ಆದ್ದರಿಂದ ಅದು ನಾಲ್ಕು ಸಮಪಾಲಾಯಿತು. ಗ್ರಾಚ್ಯುಟಿಯಲ್ಲಿ ಹೆಂಡತಿ ಮಕ್ಕಳು ಇದ್ದರೆ ಮೊದಲು ಅವರಿಗೇ, ಅವರು ಯಾರೂ ಇಲ್ಲದಿದ್ದರೆ ಮಾತ್ರ ತಂದೆತಾಯಿಗೆ; ಅದು ಮೂರು ಪಾಲಾಯಿತು. ಒಂದೇ ಮನೆ, ಒಬ್ಬನೇ ನೌಕರ, ಎರಡು ಹಣಕ್ಕೆ ಎರಡು ಲೆಕ್ಕ. ಅತ್ತೆ ಸೊಸೆಯರ ನಡುವೆ ಇದರಿಂದ ಹುಟ್ಟಿದ ಮನಸ್ತಾಪವನ್ನು ನಮ್ಮ ಕಚೇರಿಯ ಬೆಂಚಿನ ಮೇಲೇ ನೋಡಿದೆ. ‘ಅವರು ಬರೆದುಕೊಟ್ಟ ಕಾಗದ ನಿಮ್ಮ ಹತ್ತಿರವೇ ಇದೆಯಲ್ಲ ಸಾರ್, ಮತ್ತೆ ನಾನು ಏನು ತರಬೇಕು?’ ಎಂದು ಆ ಹೆಣ್ಣುಮಗಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮಾವನವರ ಮರಣ ಪ್ರಮಾಣಪತ್ರದಿಂದ ಆರಂಭಿಸಿ ಒಂದೊಂದೇ ದಾಖಲೆ ಸೇರುವಷ್ಟರಲ್ಲಿ ತಿಂಗಳುಗಳೇ ಉರುಳಿದವು.

ಆ ಕಡತ ಮುಗಿಸಿದ ಮೇಲೆ ನನ್ನ ಸೇವಾ ಪುಸ್ತಕವನ್ನು ಅಲ್ಮೆರಾದಿಂದ ತೆಗೆದೆ. ಕಂದು ಬಣ್ಣಕ್ಕೆ ತಿರುಗಿದ ಹಾಳೆ, ಅಂಟಿನ ಕಲೆ, ನನ್ನದೇ ಇಪ್ಪತ್ತೆರಡರ ವಯಸ್ಸಿನ ಅಕ್ಷರ. ‘ಯಾವ ಸಂದರ್ಭದಲ್ಲಿ ಈ ನಾಮನಿರ್ದೇಶನ ರದ್ದಾಗತಕ್ಕದ್ದು’ ಎಂಬ ಕಾಲಂನಲ್ಲಿ ಒಂದು ಅಡ್ಡಗೆರೆ ಎಳೆದಿದ್ದೆ. ಮದುವೆಯಾಗದವನು ಅಲ್ಲಿ ‘ನನ್ನ ವಿವಾಹವಾದಾಗ’ ಎಂದು ಎರಡು ಪದ ಬರೆದಿದ್ದರೆ ಸಾಕಿತ್ತು. ನನಗೆ ಹೇಳಿಕೊಟ್ಟ ಹಿರಿಯ ಗುಮಾಸ್ತರೂ ಗೆರೆಯನ್ನೇ ಎಳೆದಿದ್ದರು, ನಾನೂ ನಂತರದವರಿಗೆ ಗೆರೆಯನ್ನೇ ಕಲಿಸಿದ್ದೆ.

ಮೊದಲು ನನಗೆ ಸೇರಬೇಕಾದ ಹಣಗಳ ಪಟ್ಟಿ ಬರೆದುಕೊಂಡೆ, ಏಕೆಂದರೆ ಎಲ್ಲಕ್ಕೂ ನಾಮಿನಿ ಇರುವುದಿಲ್ಲ. ಗ್ರಾಚ್ಯುಟಿ, ಜಿಪಿಎಫ್ ಮತ್ತು ಸಮೂಹ ವಿಮೆಗೆ ನಾಮನಿರ್ದೇಶನ ಇದೆ. ಸಮೂಹ ವಿಮೆಯನ್ನು ಬಹಳ ಮಂದಿ ಮರೆಯುತ್ತಾರೆ. 1982ರ ಜನವರಿ 1ರಿಂದ ಜಾರಿಯಲ್ಲಿರುವ ಆ ಯೋಜನೆಯಲ್ಲಿ ‘ಸಿ’ ಗುಂಪಿನ ನೌಕರನಿಗೆ ತಿಂಗಳಿಗೆ 30 ರೂಪಾಯಿ ಮಾತ್ರ ಕಡಿತವಾಗುವುದರಿಂದ ಸಂಬಳದ ಚೀಟಿಯಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಗಳಿಕೆ ರಜೆಯ ನಗದೀಕರಣಕ್ಕೆ, ಅಂದರೆ ಬಳಸದೆ ಉಳಿದ ರಜೆಗೆ ಸಿಗುವ ಹಣಕ್ಕೆ, ನಾಮನಿರ್ದೇಶನವೇ ಇಲ್ಲ. ನೌಕರ ಸೇವೆಯಲ್ಲಿರುವಾಗ ತೀರಿಕೊಂಡರೆ ಆ ಹಣ ಮೊದಲು ಹೆಂಡತಿಗೆ ಅಥವಾ ಗಂಡನಿಗೆ, ಅವರಿಲ್ಲದಿದ್ದರೆ ಬದುಕಿರುವ ಹಿರಿಯ ಮಗನಿಗೆ ಹೀಗೆ ರಜೆ ನಿಯಮಗಳು ಹೇಳಿದ ಸಾಲಿನಲ್ಲೇ ಹೋಗುತ್ತದೆ.

ಕುಟುಂಬ ಪಿಂಚಣಿಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಇನ್ನೂ ಹೆಚ್ಚು. ‘ಪಿಂಚಣಿಗೆ ತಮ್ಮನನ್ನು ನಾಮಿನಿ ಮಾಡಿದ್ದೇನೆ’ ಎಂದು ಹೇಳಿದವರನ್ನು ನಾನು ಕಂಡಿದ್ದೇನೆ. ಹಾಗೆ ಮಾಡಲು ಬರುವುದಿಲ್ಲ. ಅದು ಯಾರಿಗೆ, ಯಾವ ಕ್ರಮದಲ್ಲಿ ಸಲ್ಲಬೇಕೆಂಬುದನ್ನು ನಿಯಮವೇ ತೀರ್ಮಾನಿಸಿದೆ. ಕುಟುಂಬ ಪಿಂಚಣಿ ನೌಕರನ ಆಸ್ತಿಯ ಭಾಗವಲ್ಲ, ಉಯಿಲು ಬರೆದು ಬೇರೆಯವರಿಗೆ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ರೈಲ್ವೆ ನೌಕರರೊಬ್ಬರ ಪ್ರಕರಣದಲ್ಲಿ ಹೇಳಿದೆ. ಇಲ್ಲಿ ನೌಕರ ಮಾಡಬೇಕಾದದ್ದು ಕುಟುಂಬದ ವಿವರಗಳನ್ನು ಸರಿಯಾಗಿ ಕೊಡುವುದು. ನನ್ನ ಹಳೆಯ ವಿವರದಲ್ಲಿ ಮಗನ ಹೆಸರೇ ಇರಲಿಲ್ಲ.

2021ರ ಡಿಸೆಂಬರ್‌ನಲ್ಲಿ ಕೇಂದ್ರ ನಾಗರಿಕ ಸೇವೆಗಳ ಹೊಸ ಪಿಂಚಣಿ ನಿಯಮಗಳು ಬಂದಿದ್ದರಿಂದ ನನಗೆ ಒಂದು ಅನುಕೂಲವಾಯಿತು. ಗ್ರಾಚ್ಯುಟಿ, ಜಿಪಿಎಫ್, ಸಮೂಹ ವಿಮೆ ಮೂರಕ್ಕೂ ಸೇರಿ ನಮೂನೆ 1 ಎಂಬ ಒಂದೇ ನಾಮನಿರ್ದೇಶನ ಪತ್ರ. ಕುಟುಂಬದ ವಿವರಕ್ಕೆ ನಮೂನೆ 4. ಎರಡನ್ನೂ ಎರಡೆರಡು ಪ್ರತಿ ಮುದ್ರಿಸಿ ಮನೆಗೆ ಒಯ್ದೆ. ‘ಏನ್ರೀ, ಇನ್ನೂ ಅತ್ತೆಯ ಹೆಸರೇ ಇದೆಯಾ?’ ಎಂದು ಹೆಂಡತಿ ಕೇಳಿದಳು. ಮೂವತ್ತು ವರ್ಷ ಅವಳ ಹೆಸರು ಎಲ್ಲೂ ಇರಲಿಲ್ಲವೆಂಬುದನ್ನು ಅವಳಿಗೆ ವಿವರಿಸುವುದು ಅರ್ಜಿ ತುಂಬುವುದಕ್ಕಿಂತ ಕಷ್ಟವಾಯಿತು.

ಯಾರಿಗೆ ಎಷ್ಟು ಎಂಬುದನ್ನು ಒಂದು ಭಾನುವಾರ ಕುಳಿತು ಯೋಚಿಸಿದೆವು. ನನ್ನ ಮಗಳಿಗೆ 2019ರಲ್ಲಿ ಮದುವೆಯಾಗಿತ್ತು. ನಾಮನಿರ್ದೇಶನ ಇಲ್ಲದೆ ನಾನು ಹೋಗಿಬಿಟ್ಟರೆ, ಗಂಡನಿರುವ ಮಗಳಿಗೆ ತಾಯಿಯ ಜೊತೆಗೆ ಪಾಲು ಬರುವುದಿಲ್ಲ. ಗ್ರಾಚ್ಯುಟಿಯ ಮೊದಲ ಸಾಲಿನಲ್ಲಿ ಗಂಡನಿರುವ ಹೆಣ್ಣುಮಕ್ಕಳು ಇಲ್ಲ. ಜಿಪಿಎಫ್‌ನಲ್ಲಿ ಪ್ರಾಯಕ್ಕೆ ಬಂದ ಮಗನಿಗೂ ಇದೇ ಗತಿ. ಆದರೆ ಕುಟುಂಬದ ವ್ಯಾಖ್ಯೆಯೊಳಗೆ ಮದುವೆಯಾದ ಮಗಳೂ ಇದ್ದಾಳೆ, ಆದ್ದರಿಂದ ಅವಳನ್ನು ಹೆಸರಿಸಲು ಅಡ್ಡಿಯಿಲ್ಲ. ನಿಯಮ ತಾನಾಗಿ ಕೊಡದಿರುವುದನ್ನು ಒಂದು ಸಹಿಯಿಂದ ಕೊಡಬಹುದು ಎಂಬುದು ನನಗೆ ಈ ಇಡೀ ವ್ಯವಹಾರದಲ್ಲಿ ಅತ್ಯಂತ ಮುಖ್ಯವಾಗಿ ಕಂಡ ಸಂಗತಿ. ಕೊನೆಗೆ ಹೆಂಡತಿಗೆ ಶೇಕಡಾ 50, ಮಕ್ಕಳಿಬ್ಬರಿಗೆ ಶೇಕಡಾ 25ರಂತೆ ಬರೆದೆ. ಕುಟುಂಬ ಇರುವವನು ಕುಟುಂಬದ ಹೊರಗಿನವರನ್ನು ಹೆಸರಿಸುವಂತಿಲ್ಲವಾದ್ದರಿಂದ, ನನ್ನನ್ನು ಓದಿಸಿದ ಸೋದರಮಾವನ ಮಗನಿಗೆ ಏನಾದರೂ ಬಿಡಬೇಕೆಂಬ ಆಸೆಗೆ ಇಲ್ಲಿ ಜಾಗವಿರಲಿಲ್ಲ.

ಬದಲಿ ನಾಮಿನಿಯ ಕಾಲಂ ತುಂಬಲು ಹೆಚ್ಚು ಹೊತ್ತು ಹಿಡಿಯಿತು. ಹೆಂಡತಿ ನನಗಿಂತ ಮೊದಲೇ ಹೋದರೆ ಅವಳ ಪಾಲು ಮಕ್ಕಳಿಬ್ಬರಿಗೂ ಸಮನಾಗಿ; ಮಕ್ಕಳಲ್ಲಿ ಒಬ್ಬರಿಗೆ ಏನಾದರೂ ಆದರೆ ಆ ಪಾಲು ಅವಳಿಗೆ. ಇದನ್ನು ಬರೆಯುವಾಗ ಅವಳು ಅಡುಗೆಮನೆಗೆ ಎದ್ದು ಹೋದಳು. ಇಂತಹದನ್ನು ಬಾಯಿಬಿಟ್ಟು ಆಡಬಾರದೆಂಬ ಅವಳ ಅಂಜಿಕೆ ನನಗೂ ಅರ್ಥವಾಗುತ್ತದೆ, ಆದರೆ ಸಹೋದ್ಯೋಗಿಯ ಪತ್ರದಲ್ಲಿ ಖಾಲಿ ಉಳಿದಿದ್ದು ಇದೇ ಕಾಲಂ.

ಹೆಸರಿನ ಸಮಸ್ಯೆ ನಾನು ಎಣಿಸಿರದಿದ್ದದ್ದು. ಹೆಂಡತಿಯ ಆಧಾರ್‌ನಲ್ಲಿ ಅವಳ ತಂದೆಯ ಇನಿಷಿಯಲ್, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ನನ್ನ ಇನಿಷಿಯಲ್, ಸೇವಾ ಪುಸ್ತಕದ ಒಂದು ನಮೂದಿನಲ್ಲಿ ಇನಿಷಿಯಲ್ಲೇ ಇಲ್ಲ. ಹಣ ಪಾವತಿಸುವ ದಿನ ಈ ಮೂವರೂ ಒಬ್ಬರೇ ಎಂದು ಸಾಬೀತುಪಡಿಸುವ ಹೊಣೆ ಅವಳ ಮೇಲೆ ಬೀಳುತ್ತಿತ್ತು. ಬ್ಯಾಂಕಿನಲ್ಲಿ ಮೊದಲು ಆಧಾರ್‌ನಂತೆ ತಿದ್ದಿಸಿ, ಆಮೇಲೆ ಅದೇ ಹೆಸರನ್ನು ನಮೂನೆಯಲ್ಲಿ ಬರೆದೆ.

ಕೊನೆಯ ಹೆಸರಿನ ಕೆಳಗೆ ಉಳಿದ ಜಾಗಕ್ಕೆ ಗೆರೆ ಹೊಡೆಯಬೇಕು, ಸಹಿಯಾದ ಮೇಲೆ ಬೇರೆ ಹೆಸರು ಸೇರದಿರಲೆಂದು. ಈ ಗೆರೆ ಬೇಕಾದ ಗೆರೆ. ಎರಡು ಪ್ರತಿಗೂ ಸಹಿ ಹಾಕಿ ಕಚೇರಿಗೆ ಕೊಟ್ಟೆ, ಅಂದರೆ ನನ್ನ ಪಕ್ಕದ ಮೇಜಿಗೆ. ನನ್ನ ಸ್ವಂತ ಅರ್ಜಿ ನನ್ನ ಶಾಖೆಯ ಟ್ರೇನಲ್ಲೇ ಮೂರು ವಾರ ಮಲಗಿತ್ತು. ಯಾರನ್ನೂ ದೂರಲಾರೆ, ಇತರರ ಅರ್ಜಿಗಳನ್ನು ನಾನೂ ಹಾಗೆಯೇ ಮಲಗಿಸಿದ್ದೇನೆ. ಕಚೇರಿ ಮುಖ್ಯಸ್ಥರು ಮೇಲುಸಹಿ ಮಾಡಿ, ಸ್ವೀಕರಿಸಿದ ದಿನಾಂಕ ಹಾಕಿ, ಸೇವಾ ಪುಸ್ತಕದಲ್ಲಿ ನಮೂದಿಸಿದ ಮೇಲೆ ಒಂದು ಪ್ರತಿ ನನ್ನ ಕೈಗೆ ಬಂತು. ಕೊಟ್ಟ ಅರ್ಜಿಗಿಂತ ಮರಳಿ ಬಂದ ಆ ಪ್ರತಿಯೇ ದೊಡ್ಡದು. ಅದು ಕೈಗೆ ಬರುವವರೆಗೆ ಕೆಲಸ ಮುಗಿಯಿತೆಂದು ನಾನು ಯಾರಿಗೂ ಹೇಳುವುದಿಲ್ಲ.

ಎದುರಿನ ಮೇಜಿನ ಹುಡುಗ 2010ರಲ್ಲಿ ಸೇರಿದವನು. 2004ರ ಜನವರಿ 1ರಿಂದೀಚೆಗೆ ಸೇರಿದವರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್ ಆದ್ದರಿಂದ ಅವನಿಗೆ ಜಿಪಿಎಫ್ ಇಲ್ಲ. ಅವನ ಎನ್‌ಪಿಎಸ್ ಖಾತೆಯಲ್ಲಿ ಮೂವರವರೆಗೆ ನಾಮಿನಿಗಳನ್ನು ಹೆಸರಿಸಬಹುದು, ಬದಲಾವಣೆಗೆ ಎಸ್2 ನಮೂನೆ, ಆನ್‌ಲೈನ್‌ನಲ್ಲಿ ಆಧಾರ್ ಇ-ಸಹಿಯಿಂದಲೂ ಆಗುತ್ತದೆ. ಅದರ ಜೊತೆಗೆ, ಸೇವೆಯಲ್ಲಿರುವಾಗ ಮರಣವೋ ಅಂಗವೈಕಲ್ಯವೋ ಸಂಭವಿಸಿದರೆ ಹಳೆಯ ಪಿಂಚಣಿ ನಿಯಮದ ಸೌಲಭ್ಯ ಬೇಕೋ ಎನ್‌ಪಿಎಸ್ ಹಣ ಬೇಕೋ ಎಂಬ ಆಯ್ಕೆಯನ್ನು 2021ರ ಎನ್‌ಪಿಎಸ್ ನಿಯಮಗಳಡಿ ಮೊದಲೇ ಬರೆದುಕೊಡಬೇಕು. ಅವನು ನಾಮಿನಿಯನ್ನು ತುಂಬಿದ್ದ, ಆಯ್ಕೆಯ ಪತ್ರ ಕೊಟ್ಟಿರಲಿಲ್ಲ. ನನ್ನ ಜೊತೆಗೇ ಅವನಿಂದಲೂ ಬರೆಸಿದೆ.

2025ರಲ್ಲಿ ನಿವೃತ್ತನಾದೆ. ಗ್ರಾಚ್ಯುಟಿ, ಜಿಪಿಎಫ್, ಸಮೂಹ ವಿಮೆಯ ಉಳಿತಾಯ ನನ್ನ ಖಾತೆಗೇ ಬಂದವು, ನಮೂನೆ 1ರ ಕೆಲಸ ಅಲ್ಲಿಗೆ ತೀರಿತು. ಆದರೆ ಪಿಂಚಣಿದಾರ ತೀರಿಕೊಂಡ ದಿನದವರೆಗೆ ಅವನಿಗೆ ಬರಬೇಕಾಗಿ ಉಳಿದ ಬಾಕಿಗೆ 1983ರ ನಿಯಮಗಳಂತೆ ಪ್ರತ್ಯೇಕ ನಾಮನಿರ್ದೇಶನ ಬೇಕು. ಪಿಂಚಣಿ ಪತ್ರಗಳ ಜೊತೆಯಲ್ಲೇ ಅದನ್ನೂ ಕೊಟ್ಟೆ: ಮೊದಲು ಹೆಂಡತಿ, ಬದಲಿಗೆ ಮಗಳು. ಮೇಲುಸಹಿಯಾದ ಪ್ರತಿ ಈಗ ಬೀರುವಿನಲ್ಲಿ ಪಿಂಚಣಿ ಪಾವತಿ ಆದೇಶದ ಜೊತೆಗಿದೆ, ಬೀರುವಿನ ಬೀಗದ ಕೈ ಹೆಂಡತಿಯ ಬಳಿ ಇದೆ.